ಹೊಸದಾಗಿ ತಂದ ಗಂಡು ಗಿನಿ ಪಿಗ್ ಹಳೆಯದರ ಜೊತೆ ಹೊಂದಿಕೊಳ್ಳುತ್ತಾ?

ಸಾಮಾನ್ಯವಾಗಿ ಹೊಂದಿಕೊಳ್ಳುತ್ತದೆ. ನೀವು ಬರೆದದ್ದನ್ನು ಎರಡು ಸಲ ಓದಿದೆ. ಮನೆಯಲ್ಲಿ ಎಂಟು ತಿಂಗಳ ಗಂಡು ಒಂದಿತ್ತು. ಪಾಪ ಒಂಟಿ ಅಂತ ನಾಲ್ಕು ತಿಂಗಳ ಇನ್ನೊಂದು ಗಂಡು ತಂದು ಅದೇ ಗೂಡಿಗೆ ಬಿಟ್ಟಿರಿ. ಹಳೆಯದು ಗುರ್ ಅನ್ನುತ್ತಾ ಮೈಮೇಲೆ ಏರಿತು, ಹೊಸದು ಕಿರುಚಿತು, ನೀವು ಹೆದರಿ ಬೇರೆ ಮಾಡಿದಿರಿ. ಮೂರು ದಿನದಲ್ಲಿ ಹೀಗೆ ನಾಲ್ಕು ಸಲ ಆಯಿತು. ಈಗ ಹೊಸದನ್ನು ವಾಪಸ್ ಕೊಟ್ಟುಬಿಡಲಾ ಅಂತ ಕೇಳಿದ್ದೀರಿ. ದಯವಿಟ್ಟು ಇಷ್ಟು ಬೇಗ ಕೊಡಬೇಡಿ. ನೀವು ಹೇಳಿದ್ದರಲ್ಲಿ ರಕ್ತದ ಮಾತೇ ಇಲ್ಲ. ಅಂದರೆ ಇನ್ನೂ ಏನೂ ಕೆಟ್ಟಿಲ್ಲ.

ನಾನೂ ಇದೇ ಗಾಬರಿ ಪಟ್ಟವನು. ನಮ್ಮಲ್ಲೂ ಎರಡು ಗಂಡು, ಕಪ್ಪಗಿರುವವನು ಎಳ್ಳು, ಕಂದು ಬಣ್ಣದವನು ಬೆಲ್ಲ. ಮಗಳು ಇಟ್ಟ ಹೆಸರು. ಎಳ್ಳು ಮೊದಲಿನಿಂದ ಇದ್ದ, ಬೆಲ್ಲ ಆಮೇಲೆ ಬಂದ. ಮೊದಲ ಹತ್ತು ದಿನದಲ್ಲಿ ಮೂರು ಸಲ ಒಟ್ಟಿಗೆ ಬಿಟ್ಟು ಮೂರು ಸಲವೂ ನಾನೇ ನಡುವೆ ಕೈ ಹಾಕಿ ಎತ್ತಿಕೊಂಡೆ. ನನ್ನ ತಪ್ಪು ಅದೇ ಆಗಿತ್ತು. ಅವು ತಮ್ಮಲ್ಲಿ ದೊಡ್ಡವರು ಯಾರು, ಚಿಕ್ಕವರು ಯಾರು ಅಂತ ತೀರ್ಮಾನ ಮಾಡಿಕೊಳ್ಳುತ್ತಿದ್ದವು. ಪ್ರತಿ ಸಲ ಅರ್ಧಕ್ಕೆ ನಿಲ್ಲಿಸಿದಾಗಲೂ ಮುಂದಿನ ಸಲ ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ಯಜಮಾನಿಕೆ ಇತ್ಯರ್ಥ ಆಗಲೇಬೇಕು, ಅದಿಲ್ಲದೆ ಎರಡು ಗಂಡು ಒಂದೆಡೆ ಮಲಗುವುದಿಲ್ಲ.

ಹಾಗಾದರೆ ಯಾವುದು ಬರೀ ಯಜಮಾನಿಕೆ, ಯಾವುದು ನಿಜವಾದ ಜಗಳ? ಇದು ಗೊತ್ತಾದರೆ ನಿಮ್ಮ ಅರ್ಧ ಭಯ ಹೋಗುತ್ತದೆ. ಗುರ್‌ರ್ ಅಂತ ಸದ್ದು ಮಾಡುತ್ತಾ ಹಿಂಭಾಗ ಆಡಿಸಿಕೊಂಡು ನಿಧಾನಕ್ಕೆ ಸುತ್ತು ಹಾಕುವುದು, ಹಿಂದೆ ಮೂಸುವುದು, ಮೈಮೇಲೆ ಹತ್ತುವುದು, ಅಟ್ಟಿಸಿಕೊಂಡು ಹೋಗುವುದು, ಮೂಗು ಮೇಲೆತ್ತಿ ಎದುರುಬದುರು ನಿಲ್ಲುವುದು, ಚೂರು ಹಲ್ಲು ಕಟಕಟ ಅನ್ನಿಸುವುದು. ಇದೆಲ್ಲ ಮಾಮೂಲಿ. ಸೋತವನು ಕಿರುಚುತ್ತಾನೆ, ಅದು ‘ನೀನೇ ದೊಡ್ಡವನಪ್ಪ, ಬಿಡು’ ಅನ್ನುವ ಮಾತು. ನೋವಾಗಿಯೇ ಕಿರುಚಬೇಕು ಅಂತಿಲ್ಲ. ಈ ಕಿರುಚು ಕೇಳಿದಾಗ ಕೈ ಕಟ್ಟಿ ಕೂರುವುದು ಕಷ್ಟ, ನನಗೆ ಗೊತ್ತು. ಆದರೂ ಕೂರಿ.

ನಿಜವಾದ ಜಗಳ ಬೇರೆ ಥರ ಕಾಣುತ್ತದೆ. ಕುತ್ತಿಗೆಯ ಕೂದಲು ನೆಟ್ಟಗೆ ನಿಲ್ಲುತ್ತದೆ, ಹಲ್ಲಿನ ಸದ್ದು ಜೋರಾಗಿ ಬಿಡದೆ ಬರುತ್ತದೆ, ಎರಡೂ ಹಿಂದೆ ಸರಿಯುವುದಿಲ್ಲ. ಆಕಳಿಸಿದ ಹಾಗೆ ಬಾಯಿ ದೊಡ್ಡದಾಗಿ ತೆರೆದು ಹಲ್ಲು ತೋರಿಸುತ್ತವೆ. ಅದು ನಿದ್ದೆಯ ಆಕಳಿಕೆ ಅಲ್ಲ, ಬೆದರಿಕೆ. ಆಮೇಲೆ ಒಂದರ ಮೇಲೊಂದು ಎರಗಿ ಉಂಡೆ ಹಾಗೆ ಉರುಳುತ್ತವೆ. ಉರುಳಿದ ತಕ್ಷಣ ಬಿಡಿಸಬೇಕು. ಬರಿಗೈ ಹಾಕಬೇಡಿ, ಆ ಹೊತ್ತಿಗೆ ಅವಕ್ಕೆ ನಿಮ್ಮ ಬೆರಳು ಯಾವುದು, ಎದುರಾಳಿ ಯಾವುದು ತಿಳಿಯುವುದಿಲ್ಲ. ನಾನು ಅಡುಗೆಮನೆಯ ಮೊರವನ್ನು ಪಕ್ಕದಲ್ಲೇ ಇಟ್ಟುಕೊಂಡು ಕೂರುತ್ತಿದ್ದೆ. ನಡುವೆ ಮೊರ ಇಳಿಸಿದರೆ ಸಾಕು, ಬೇರೆಯಾಗುತ್ತವೆ. ದಪ್ಪ ಟವೆಲ್ ಮೇಲೆ ಹಾಕಿದರೂ ಆಗುತ್ತದೆ. ರಕ್ತ ಬಂದರೆ ಆವತ್ತಿಗೆ ಮುಗಿಯಿತು, ಬೇರೆ ಬೇರೆ ಇಡಿ.

ಈಗ ನೀವು ಮಾಡಬೇಕಾದದ್ದು ಹೇಳುತ್ತೇನೆ. ಮೊದಲು ಎರಡನ್ನೂ ಎರಡರಿಂದ ಮೂರು ವಾರ ಬೇರೆ ಬೇರೆ ಕೋಣೆಯಲ್ಲಿ ಇಡಿ. ಈಗಾಗಲೇ ಒಟ್ಟಿಗೆ ಬಿಟ್ಟಾಗಿದೆ, ನಿಜ. ಆದರೂ ಹೊಸದರ ಮೇಲೆ ಕಣ್ಣಿಡಲು ಸಮಯ ಬೇಕು. ಅಂಗಡಿಯಿಂದ ಬಂದವುಗಳಲ್ಲಿ ಮೈ ಕೆರೆತದ ಹುಳ, ಹುಳುಕಡ್ಡಿ, ನೆಗಡಿ ಹೊಸದೇನಲ್ಲ. ಹುಳುಕಡ್ಡಿ ನಮಗೂ ಅಂಟುತ್ತದೆ. ಒಂದನ್ನು ಮುಟ್ಟಿ ಇನ್ನೊಂದನ್ನು ಮುಟ್ಟುವ ಮೊದಲು ಕೈ ತೊಳೆಯಿರಿ. ಹಾಗೇ ಎರಡೂ ಗಂಡೇ ಅಂತ ಡಾಕ್ಟರ್ ಹತ್ತಿರ ಖಚಿತ ಮಾಡಿಕೊಳ್ಳಿ. ಅಂಗಡಿಯವರ ಮಾತು ಎಷ್ಟೋ ಸಲ ತಪ್ಪಿರುತ್ತದೆ. ತಪ್ಪಿದ್ದರೆ ಎರಡು, ಎರಡೂವರೆ ತಿಂಗಳಲ್ಲಿ ಮನೆಯಲ್ಲಿ ಮರಿಗಳಿರುತ್ತವೆ.

ಇನ್ನು ಜಾಗ. ನಿಮ್ಮ ಗೂಡು ಎರಡೂವರೆ ಅಡಿ ಉದ್ದ, ಒಂದೂವರೆ ಅಡಿ ಅಗಲ ಅಂತ ಬರೆದಿದ್ದೀರಿ. ಒಂದಕ್ಕೇ ಅದು ಸಾಲದು. ಎರಡು ಗಂಡಿಗೆ ಕಡಿಮೆ ಅಂದರೂ 10 ಚದರ ಅಡಿ ನೆಲ ಬೇಕು, ಅಂದರೆ 4 ಅಡಿ ಉದ್ದ, ಎರಡೂವರೆ ಅಡಿ ಅಗಲ. ಜಾಸ್ತಿ ಇದ್ದಷ್ಟೂ ಒಳ್ಳೆಯದು. ಮಹಡಿ ಮೇಲೆ ಮಹಡಿ ಇರುವ ಗೂಡು ಬೇಡ, ಅವು ಓಡುವುದು ನೆಲದ ಮೇಲೆ. ಸೋತವನಿಗೆ ದೂರ ಹೋಗಿ ಕೂರಲು ಜಾಗ ಇದ್ದರೆ ಜಗಳ ಅಲ್ಲಿಗೇ ನಿಲ್ಲುತ್ತದೆ. ಜಾಗ ಇಲ್ಲದಿದ್ದರೆ ಅವನು ತಿರುಗಿ ಬೀಳುತ್ತಾನೆ. ನನಗೆ ಕೇಳಿದರೆ ಗಂಡುಗಳ ಜಗಳದಲ್ಲಿ ಸ್ವಭಾವಕ್ಕಿಂತ ಇಕ್ಕಟ್ಟಿನ ಪಾಲೇ ದೊಡ್ಡದು. ಅಂಗಡಿಯ ಗೂಡಿಗೆ ದುಡ್ಡು ಹಾಕಬೇಡಿ. ತಂತಿ ಜಾಲರಿಯ ಚೌಕಗಳು ಸಿಗುತ್ತವೆ, ಜೋಡಿಸಿ ಕಟ್ಟಿಕೊಳ್ಳಬಹುದು.

ಭೇಟಿ ಮಾಡಿಸುವ ದಿನ ಹಳೆಯವನ ಗೂಡಿನಲ್ಲಿ ಬಿಡಬೇಡಿ. ಅದು ಅವನ ಮನೆ, ಮೂಲೆ ಮೂಲೆಗೆ ಅವನ ವಾಸನೆ ಇದೆ. ಇಬ್ಬರೂ ಕಾಲಿಡದ ಜಾಗ ಬೇಕು. ನಾವು ಮಲಗುವ ಕೋಣೆಯಲ್ಲಿ ಮಂಚ ಸರಿಸಿ, ಟೈಲ್ಸ್ ಜಾರುತ್ತದೆ ಅಂತ ಒಗೆದ ಜಮಖಾನ ಹಾಸಿ, ಸುತ್ತ ರಟ್ಟಿನಿಂದ ಅಡ್ಡ ಕಟ್ಟಿದೆವು. ನಡುವೆ ಒಂದು ಬುಟ್ಟಿ ಒಣಹುಲ್ಲು, ಅಲ್ಲಲ್ಲಿ ಗರಿಕೆ, ಕೊತ್ತಂಬರಿ ಸೊಪ್ಪು ಚೆಲ್ಲಿದೆವು. ಒಂದೇ ತಟ್ಟೆಯಲ್ಲಿ ಇಟ್ಟರೆ ತಟ್ಟೆಗೇ ಜಗಳ. ಆವತ್ತು ಅಡಗುವ ಡಬ್ಬ ಇಡಬೇಡಿ, ಡಬ್ಬವೂ ಕಾದಾಟಕ್ಕೆ ಕಾರಣವಾಗುತ್ತದೆ. ರಜೆಯ ದಿನ ಬೆಳಿಗ್ಗೆ ಶುರು ಮಾಡಿ. ಅರ್ಧ ಗಂಟೆಯ ಕೆಲಸ ಅಲ್ಲ ಇದು.

ನಾಲ್ಕನೇ ಸಲ ನಾವು ಹೀಗೆ ಮಾಡಿದಾಗ ಮೊದಲ ಹತ್ತು ನಿಮಿಷ ಎರಡೂ ಬರೀ ತಿಂದವು. ಆಮೇಲೆ ಎಳ್ಳು ತಲೆ ಎತ್ತಿದ. ಗುರ್ ಅನ್ನುತ್ತಾ ಬಂದ. ಬೆಲ್ಲ ಓಡಿದ, ಇವನು ಅಟ್ಟಿದ, ಹತ್ತಿದ, ಅವನು ಕಿರುಚಿದ. ಹೀಗೆ ಒಂದು ಗಂಟೆಗೂ ಜಾಸ್ತಿ. ನಡುನಡುವೆ ಎರಡೂ ಏನೂ ಆಗಿಲ್ಲ ಅನ್ನುವ ಹಾಗೆ ಹುಲ್ಲಿಗೆ ಬರುತ್ತಿದ್ದವು. ನಾನು ಮೊರ ತೊಡೆಯ ಮೇಲಿಟ್ಟುಕೊಂಡು ಏಳದೆ ಕೂತೆ. ಕೊನೆಗೆ ಒಂದು ಸಲ ಎಳ್ಳು ಹತ್ತಿರ ಬಂದಾಗ ಬೆಲ್ಲ ಓಡಲಿಲ್ಲ. ತಲೆ ತಗ್ಗಿಸಿ ನೆಲಕ್ಕೆ ಅಂಟಿಕೊಂಡು ಕೂತ. ಎಳ್ಳು ಅವನ ಬೆನ್ನ ಮೇಲೆ ಗದ್ದ ಇಟ್ಟ, ಕಿವಿ ಮೂಸಿದ, ಸುಮ್ನೆ ತಿರುಗಿ ಹೋದ. ಬೆಲ್ಲ ಎರಡು ಕೈಯಲ್ಲಿ ಮುಖ ಒರೆಸಿಕೊಂಡ. ಸ್ವಲ್ಪ ಹೊತ್ತಿಗೆ ಒಂದು ಹಿಂಗಾಲು ಪಕ್ಕಕ್ಕೆ ಚಾಚಿ ಮಲಗಿಯೇಬಿಟ್ಟ. ಗಿನಿ ಪಿಗ್ ಕಾಲು ಚಾಚಿ ಮಲಗಿತು ಅಂದರೆ ಅದಕ್ಕೆ ಭಯ ಇಲ್ಲ ಅಂತ ಅರ್ಥ. ಆ ಕಾಲು ನೋಡಿ ನನಗೆ ಕಣ್ಣು ತುಂಬಿಬಂತು.

ಈ ಹಂತ ಬಂದ ಮೇಲೆ ಮತ್ತೆ ಬೇರೆ ಮಾಡಬೇಡಿ, ರಾತ್ರಿಗೂ ಬೇಡ. ನೇರ ಹೊಸ ಗೂಡಿಗೆ ಬಿಡಿ. ಹಳೆಯ ಗೂಡನ್ನೇ ದೊಡ್ಡದು ಮಾಡಿ ಬಳಸುವುದಾದರೆ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಪೂರ್ತಿ ಒರೆಸಿ ಒಣಗಿಸಿ, ಒಳಗಿನ ಜೋಡಣೆ ಬದಲಿಸಿ. ಎಲ್ಲವೂ ಎರಡೆರಡು ಇರಲಿ: ನೀರಿನ ಬಾಟಲಿ, ಬಟ್ಟಲು, ಹುಲ್ಲಿನ ಗುಡ್ಡೆ. ಅವನ್ನು ಪಕ್ಕಪಕ್ಕ ಇಡದೆ ಗೂಡಿನ ಎರಡು ತುದಿಯಲ್ಲಿ ಇಡಿ, ಇಲ್ಲದಿದ್ದರೆ ಒಬ್ಬನೇ ಎರಡನ್ನೂ ಕಾಯುತ್ತಾ ಕೂರುತ್ತಾನೆ.

ಅಡಗುವ ಡಬ್ಬಗಳಿಗೆ ಎರಡು ಬಾಗಿಲು ಇರಲೇಬೇಕು. ಇದನ್ನು ನಾನು ನೋವಿನಿಂದ ಕಲಿತೆ. ಒಂದೇ ಬಾಗಿಲಿನ ಮರದ ಮನೆ ಇಟ್ಟಿದ್ದೆ. ಒಂದು ದಿನ ಬೆಲ್ಲ ಒಳಗಿದ್ದಾಗ ಎಳ್ಳು ಬಾಗಿಲಿಗೆ ಬಂದು ನಿಂತ. ಹೊರಗೆ ಬರಲು ದಾರಿ ಇಲ್ಲ. ಸೊಂಟದ ಹತ್ತಿರ ಕಚ್ಚಿದ. ದಟ್ಟ ಕೂದಲಲ್ಲಿ ಗಾಯ ಕಾಣಲಿಲ್ಲ. ಎರಡು ದಿನದ ಮೇಲೆ ಕೈಗೆ ಗಂಟು ಸಿಕ್ಕಿತು, ಒಳಗೆ ಕೀವಾಗಿತ್ತು. ಡಾಕ್ಟರ್ ಕುಯ್ದು ತೊಳೆದು ವಾಸಿ ಮಾಡಿದರು. ಆವತ್ತಿನಿಂದ ಚಪ್ಪಲಿ ಡಬ್ಬಕ್ಕೆ ಎರಡು ಕಡೆ ತೂತು ಕೊರೆದು ಇಡುತ್ತೇನೆ. ವಾರಕ್ಕೊಮ್ಮೆ ಬದಲಿಸಿದರೆ ಆಯಿತು. ಗಾಯ ವಾಸಿಯಾದ ಮೇಲೆ ಎರಡನ್ನೂ ಮತ್ತೆ ಜಮಖಾನದ ಮೇಲೆ ಒಟ್ಟಿಗೆ ಬಿಟ್ಟು ಮೊದಲಿನಿಂದ ಶುರು ಮಾಡಿದೆ. ಈ ಸಲ ಬೇಗ ಮುಗಿಯಿತು.

ಡಾಕ್ಟರ್ ಮಾತು ಬಂತಲ್ವಾ, ಇದೊಂದು ಮರೆಯಬೇಡಿ. ಗಾಯಕ್ಕೆ ಅಂತ ನಾಯಿಗೋ ಮನುಷ್ಯರಿಗೋ ಕೊಡುವ ಅಮಾಕ್ಸಿಸಿಲಿನ್ ಥರದ ಪೆನಿಸಿಲಿನ್ ಜಾತಿಯ ಔಷಧಿಯನ್ನು ಬಾಯಿಗೆ ಹಾಕಬೇಡಿ. ಇವುಗಳ ಕರುಳಿನಲ್ಲಿರುವ ಒಳ್ಳೆಯ ಸೂಕ್ಷ್ಮಜೀವಿಗಳು ಸತ್ತು ಪ್ರಾಣಕ್ಕೇ ಬರುತ್ತದೆ. ಗಿನಿ ಪಿಗ್, ಮೊಲ ನೋಡಿ ಅಭ್ಯಾಸ ಇರುವ ಡಾಕ್ಟರನ್ನೇ ಹುಡುಕಿ. ಊರಲ್ಲಿ ಯಾರಿದ್ದಾರೆ ಅಂತ ಗಾಯ ಆಗುವ ಮೊದಲೇ ವಿಚಾರಿಸಿಟ್ಟುಕೊಳ್ಳಿ.

ವಯಸ್ಸಿನ ವಿಷಯ ಮುಚ್ಚಿಡುವುದಿಲ್ಲ. ನಿಮ್ಮ ಎರಡೂ ಹದಿಹರೆಯದಲ್ಲಿವೆ. ದೊಡ್ಡವನ ಜೊತೆ ಪುಟ್ಟ ಮರಿ ಬಿಟ್ಟರೆ ಸುಲಭ, ಮರಿ ತಾನೇ ತಗ್ಗುತ್ತದೆ. ನಿಮ್ಮದು ಅದಕ್ಕಿಂತ ಕಷ್ಟ. ಒಂದು ವರ್ಷ ದಾಟುವ ತನಕ ಆಗಾಗ ಮತ್ತೆ ಅಟ್ಟಾಟ ಶುರುವಾಗುತ್ತದೆ. ಒಂದು ವಾರ ಶಾಂತ, ಇನ್ನೊಂದು ವಾರ ಗುರ್‌ಗುರ್. ಆಗ ಕೆಟ್ಟುಹೋಯಿತು ಅಂದುಕೊಳ್ಳಬೇಡಿ. ಬೀಜ ತೆಗೆಸಿದರೆ ಸಮಾಧಾನ ಆಗುತ್ತವೆ ಅಂತ ಕೆಲವರು ಹೇಳುತ್ತಾರೆ. ಗಂಡು ಗಂಡಿನ ಜಗಳಕ್ಕೆ ಅದನ್ನು ನೆಚ್ಚಿಕೊಳ್ಳಬೇಡಿ. ಒಟ್ಟಿಗೆ ಸ್ನಾನ ಮಾಡಿಸಿದರೆ ಸ್ನೇಹ ಬೆಳೆಯುತ್ತದೆ ಅನ್ನುವುದೂ ಅಷ್ಟೇ. ನೀರಲ್ಲಿ ಅವು ಹೆದರಿ ಮರಗಟ್ಟುತ್ತವೆ. ನೋಡುವವರಿಗೆ ಅದು ಶಾಂತಿಯ ಥರ ಕಾಣುತ್ತದೆ. ಮೂರನೆಯ ಗಂಡು ತರಲೇಬೇಡಿ. ಅದೇ ಕೋಣೆಯಲ್ಲಿ ಹೆಣ್ಣು ಇಡಬೇಡಿ, ಬರೀ ವಾಸನೆಗೇ ಸ್ನೇಹ ಮುರಿಯುತ್ತದೆ.

ಗೂಡು ತೊಳೆದ ದಿನವೂ ಜಗಳ ಜಾಸ್ತಿ. ಅವುಗಳ ಗುರುತೆಲ್ಲ ಅಳಿಸಿಹೋಗಿರುತ್ತದೆ. ನಾನು ಹಾಸು ಬದಲಿಸುವಾಗ ಹಳೆಯ ಹುಲ್ಲು ಒಂದು ಹಿಡಿ ವಾಪಸ್ ಹಾಕುತ್ತೇನೆ. ಅಷ್ಟಕ್ಕೇ ತುಂಬಾ ವ್ಯತ್ಯಾಸ ಆಯಿತು.

ಇಷ್ಟೆಲ್ಲ ಮಾಡಿದ ಮೇಲೂ ಪದೇ ಪದೇ ರಕ್ತ ಬಂದರೆ, ಅಥವಾ ಒಬ್ಬನು ಇನ್ನೊಬ್ಬನನ್ನು ತಿನ್ನಲು ಬಿಡದೆ ತೂಕ ಇಳಿಯುತ್ತಾ ಹೋದರೆ, ಒಟ್ಟಿಗೆ ಇಡುವ ಆಸೆ ಬಿಡಿ. ಆಗಲೂ ಕೊಟ್ಟುಬಿಡಬೇಕಿಲ್ಲ. ದೊಡ್ಡ ಗೂಡಿನ ನಡುವೆ ಜಾಲರಿ ಹಾಕಿ ಅಕ್ಕಪಕ್ಕ ಇಡಿ. ಹುಲ್ಲನ್ನು ಜಾಲರಿಯ ಎರಡೂ ಬದಿಗೆ ಹಾಕಿದರೆ ಒಟ್ಟಿಗೆ ತಿನ್ನುತ್ತವೆ, ಒಂದರ ಸದ್ದು ಒಂದಕ್ಕೆ ಕೇಳುತ್ತದೆ. ಇವು ಗುಂಪಿನ ಪ್ರಾಣಿಗಳು. ಸ್ವಿಟ್ಜರ್ಲೆಂಡ್‌ನಲ್ಲಿ 2008ರಿಂದ ಗಿನಿ ಪಿಗ್ ಅನ್ನು ಒಂಟಿಯಾಗಿ ಸಾಕುವಂತೆಯೇ ಇಲ್ಲ, ಕಾನೂನೇ ಇದೆ. ನೀವು ಜೊತೆ ಬೇಕು ಅಂತ ಯೋಚಿಸಿದ್ದು ಸರಿಯಾಗಿಯೇ ಇತ್ತು.

ಇವತ್ತು ಸಂಜೆ ಎರಡು ಕೆಲಸ ಮಾಡಿ. ಹೊಸದರ ಸೊಂಟ, ಕಿವಿ, ತುಟಿ, ಹೊಟ್ಟೆಯ ಅಡಿ ಕೂದಲು ಬಿಡಿಸಿ ಗಾಯ ಇದೆಯಾ ನೋಡಿ. ಆಮೇಲೆ ಅಡುಗೆಮನೆಯ ತೂಕದ ಯಂತ್ರದ ಮೇಲೆ ಒಂದು ಡಬ್ಬ ಇಟ್ಟು ಎರಡನ್ನೂ ತೂಗಿ ತಾರೀಕಿನ ಜೊತೆ ಬರೆದಿಡಿ. ವಾರಕ್ಕೊಮ್ಮೆ ಹೀಗೇ ಮಾಡಿ. ಗಾಯ ಏನಾದರೂ ಕಂಡರೆ ಇಲ್ಲೇ ಬರೆಯಿರಿ, ನಾನು ರಾತ್ರಿ ನೋಡುತ್ತೇನೆ.