ಕಾರ್ಪೆಟ್‌ಗೆ ಯಾವ ಮೆಷಿನ್? ಕಡಿಮೆ ನೀರಿನ ಸ್ವಚ್ಛತೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಐಟಿ ಕಚೇರಿಯೊಂದರ ಹೌಸ್‌ಕೀಪಿಂಗ್ ಗುತ್ತಿಗೆ ನಮ್ಮದು. ಸುಮಾರು 40,000 ಚದರ ಅಡಿ ಕಾರ್ಪೆಟ್ ಟೈಲ್ ಇದೆ, ಎಲ್ಲವೂ ನೈಲಾನ್ ಲೂಪ್ (ಎಳೆಯ ತುದಿ ಕತ್ತರಿಸದೆ ಕುಣಿಕೆಯಾಗಿ ಬಿಟ್ಟದ್ದು). ಶನಿವಾರ ರಾತ್ರಿ ಎಕ್ಸ್‌ಟ್ರಾಕ್ಷನ್ ಮೆಷಿನ್‌ನಲ್ಲಿ (ನೀರು ಸಿಂಪಡಿಸಿ ಮತ್ತೆ ಹೀರಿಕೊಳ್ಳುವಂಥದ್ದು) ತೊಳೆದರೆ ಸೋಮವಾರ ಬೆಳಿಗ್ಗೆಯೂ ತೇವ ಇರುತ್ತದೆ, ವಾಸನೆ ಬರುತ್ತದೆ. ಹೋಗಿತ್ತು ಅಂದುಕೊಂಡ ಟೀ ಕಲೆಗಳು ಮತ್ತೆ ಎದ್ದಿರುತ್ತವೆ. ಡೀಲರ್ ಮೂರು ಬಗೆ ತೋರಿಸಿದ್ದಾರೆ: ಬಾನೆಟ್ ಎಂಬ ಒರೆಸುವ ಬಟ್ಟೆಯ ಪ್ಯಾಡ್ ಹಾಕಿದ ಸಿಂಗಲ್ ಡಿಸ್ಕ್, ಆರ್ಬಿಟಲ್, ಜೋಡಿ ಉರುಳೆ ಬ್ರಷ್‌ನ ಸಿಆರ್‌ಬಿ. ಯಾವುದು ಕೊಳ್ಳಬೇಕು?
— ಗುತ್ತಿಗೆದಾರರು, ಬೆಂಗಳೂರು

ಉತ್ತರ: ನಿಮ್ಮ ಕಚೇರಿಗೆ ಆರ್ಬಿಟಲ್. ಆದರೆ ಅದಕ್ಕೂ ಮೊದಲು ನಿಮ್ಮ ವ್ಯಾಕ್ಯೂಮ್ ಕ್ಲೀನರ್ ಯಾವುದು ನೋಡಿಕೊಳ್ಳಿ. ಕಾರ್ಪೆಟ್‌ಗೆ ಸೇರುವ ಕೊಳೆಯಲ್ಲಿ ದೊಡ್ಡ ಪಾಲು ಒಣ ಮರಳು ಮತ್ತು ಧೂಳು. ಅದನ್ನು ತೆಗೆಯದೆ ಮೇಲೆ ದ್ರಾವಣ ಸಿಂಪಡಿಸಿದರೆ ಕೆಸರಾಗುತ್ತದೆ. ಆಮೇಲೆ ಎಂಥ ಮೆಷಿನ್ ತಂದರೂ ಆ ಕೆಸರನ್ನೇ ಎಳೆಗೆ ತಿಕ್ಕಿದ ಹಾಗೆ. ಬರೀ ಹೀರುವ ಡ್ರಮ್ ವ್ಯಾಕ್ಯೂಮ್ ಲೂಪಿನ ಬುಡದ ಮರಳನ್ನು ಎತ್ತುವುದಿಲ್ಲ. ತಿರುಗುವ ಬ್ರಷ್ ಇರುವ ಅಪ್‌ರೈಟ್ ಬೇಕು, ಓಡಾಟದ ದಾರಿಗಳಲ್ಲಿ ಅದನ್ನು ನಿಧಾನವಾಗಿ ಮೂರ್ನಾಲ್ಕು ಸಲ ಹಿಂದೆ ಮುಂದೆ ಆಡಿಸಬೇಕು. ಬಜೆಟ್ ಒಂದಕ್ಕೇ ಸಾಲುವುದಾದರೆ ಈ ವರ್ಷ ಅಪ್‌ರೈಟ್ ಕೊಂಡು, ಆರ್ಬಿಟಲ್ ಬಾಡಿಗೆಗೆ ತನ್ನಿ.

ಟೀ ಕಲೆ ಮತ್ತೆ ಏಳುವುದಕ್ಕೆ ಕಾರಣ ನೀರು. ಚೆಲ್ಲಿದ ಟೀ ಎಳೆಯ ಬುಡಕ್ಕೆ ಇಳಿದಿರುತ್ತದೆ. ಮೇಲಿಂದ ತೊಳೆದಾಗ ತುದಿ ಮಾತ್ರ ಶುಭ್ರವಾಗಿ, ಬುಡದ ಟೀ ಮತ್ತು ಸಕ್ಕರೆ ನೀರಿನಲ್ಲಿ ಕರಗಿ ಅಲ್ಲೇ ನಿಲ್ಲುತ್ತವೆ. ಒಣಗುವಾಗ ಆ ನೀರು ಬತ್ತಿಯಲ್ಲಿ ಎಣ್ಣೆ ಏರಿದಂತೆ ತುದಿಗೆ ಬಂದು ಆವಿಯಾಗುತ್ತದೆ, ಬಣ್ಣ ತುದಿಯಲ್ಲಿ ಉಳಿಯುತ್ತದೆ. ವಾರಾಂತ್ಯದಲ್ಲಿ ಎಸಿ ಬಂದ್ ಆಗಿ ಗಾಳಿಯಾಡದಿದ್ದರೆ ಈ ಏರಾಟ ಇಡೀ ದಿನ ನಡೆಯುತ್ತದೆ. ಕೇಬಲ್ ಹಾಯಿಸಲು ಎತ್ತರಿಸಿದ ನೆಲವಾದರೆ ಟೈಲ್ ಸಂದಿಯಿಂದ ನೀರು ಕೆಳಕ್ಕೂ ಇಳಿಯುತ್ತದೆ, ಅದು ಇನ್ನೂ ಅಪಾಯ.

ಡೀಲರ್ ತೋರಿಸಿದ ಮೂರೂ ಮೆಷಿನ್‌ಗಳು ಕಡಿಮೆ ನೀರಿನ ವಿಧಾನದವು. ಇದರಲ್ಲಿ 100 ಚದರ ಅಡಿಗೆ ಹೋಗುವುದು ಹೆಚ್ಚುಕಡಿಮೆ 1 ಲೀಟರ್ ತಯಾರು ದ್ರಾವಣ, ಅಂದರೆ ನೀರು ಬೆರೆಸಿದ ಕೆಮಿಕಲ್. ಎಸಿ ಓಡುತ್ತಿದ್ದರೆ ಒಂದೆರಡು ಗಂಟೆಯೊಳಗೆ ಒಣಗುತ್ತದೆ. ಇದಕ್ಕೆ ಎನ್‌ಕ್ಯಾಪ್ ಕೆಮಿಕಲ್ ಬೇಕು: ಅದರಲ್ಲಿರುವ ಪಾಲಿಮರ್ ಕೊಳೆಯನ್ನು ಸುತ್ತಿಕೊಂಡು ಒಣಗಿ ಗರಿಗರಿ ಹರಳಾಗುತ್ತದೆ, ಮುಂದಿನ ವ್ಯಾಕ್ಯೂಮ್‌ಗಳಲ್ಲಿ ಪುಡಿಯಾಗಿ ಹೊರಬರುತ್ತದೆ. ಹಳೆಯ ನೊರೆ ಶಾಂಪೂವನ್ನೇ ಹೊಸ ಮೆಷಿನ್‌ಗೆ ಸುರಿದರೆ ಅಂಟು ಉಳಿದು ತಿಂಗಳೊಳಗೆ ಮೊದಲಿಗಿಂತ ಕಪ್ಪಾಗುತ್ತದೆ. ಕೊಳ್ಳುವ ಮುಂಚೆ ತಯಾರು ದ್ರಾವಣವನ್ನು ಗಾಜಿನ ತಟ್ಟೆಗೆ ನಾಲ್ಕೈದು ಮಿಲಿಲೀಟರ್ ಹಾಕಿ ಎರಡು ದಿನ ಬಿಡಿ. ಉಗುರಿನಿಂದ ಕೆರೆದಾಗ ಪಕಳೆಯಾಗಿ, ಪುಡಿಯಾಗಿ ಎದ್ದರೆ ಸರಿ. ಬೆರಳಿಗೆ ಅಂಟಿದರೆ ಆ ಡಬ್ಬ ವಾಪಸ್ ಕೊಡಿ, ಬೆಲೆ ಎಷ್ಟೇ ಕಡಿಮೆಯಿರಲಿ.

ಇನ್ನು ಮೆಷಿನ್‌ಗಳು. ಸಿಂಗಲ್ ಡಿಸ್ಕ್ ನಿಮಿಷಕ್ಕೆ 150ರಿಂದ 180 ಸುತ್ತು ಒಂದೇ ದಿಕ್ಕಿಗೆ ತಿರುಗುತ್ತದೆ. ಅಗ್ಗ, ನೆಲ ತಿಕ್ಕಲೂ ಬರುತ್ತದೆ. ಆದರೆ ಪ್ಯಾಡ್ ಕೊಳೆಯಾದ ಮೇಲೂ ಓಡಿಸಿದರೆ ಕೊಳೆಯನ್ನು ಕೋಣೆ ತುಂಬ ಹರಡುತ್ತದೆ; ಪಳಗದ ಕೈಯಲ್ಲಿ ಎಳೆದಾಡುತ್ತದೆ, ಮೇಜಿನ ಕಾಲಿಗೆ ಬಡಿಯುತ್ತದೆ. ಕಾರ್ಪೆಟ್ ತಯಾರಕರಲ್ಲಿ ಹಲವರು ಇದನ್ನು ಒಪ್ಪುವುದಿಲ್ಲ, ಹಾಗಾಗಿ ಟೈಲ್‌ನ ವಾರಂಟಿ ಕಾಗದ ಓದದೆ ಮುಟ್ಟಬೇಡಿ. ಆರ್ಬಿಟಲ್‌ನ ಪ್ಯಾಡ್ ಹಾಕಿದ ತಟ್ಟೆ ಸುತ್ತುವುದಕ್ಕಿಂತ ಹೆಚ್ಚಾಗಿ ಸಣ್ಣ ಸಣ್ಣ ವೃತ್ತದಲ್ಲಿ ಅತಿವೇಗವಾಗಿ ಅಲುಗುತ್ತದೆ. ಎಳೆಯನ್ನು ಎಲ್ಲ ಕಡೆಯಿಂದ ಒರೆಸುತ್ತದೆ, ತಿರುಚುವುದಿಲ್ಲ. ಹೊಸ ಹುಡುಗನೂ ಒಂದು ಗಂಟೆಯಲ್ಲಿ ಕಲಿಯುತ್ತಾನೆ. ಕೊಳೆಯ ಒಂದು ಪಾಲು ಆಗಲೇ ಪ್ಯಾಡ್‌ಗೆ ಬಂದುಬಿಡುವುದರಿಂದ ಟೀ ಕಲೆ ಮರಳಿ ಏಳುವುದೂ ಕಡಿಮೆ. ಸಿಆರ್‌ಬಿಯಲ್ಲಿ ಎರಡು ಬ್ರಷ್‌ಗಳು ಎದುರು ಬದುರಾಗಿ ತಿರುಗಿ ಎಳೆಯೊಳಗೆ ಇಳಿಯುತ್ತವೆ, ಕೂದಲು, ಸ್ಟೇಪಲ್ ಪಿನ್, ಮರಳನ್ನು ಎತ್ತಿ ಪಕ್ಕದ ಟ್ರೇಗೆ ಹಾಕುತ್ತವೆ. ಬಿದ್ದ ಎಳೆಯನ್ನು ನಿಲ್ಲಿಸುವುದರಲ್ಲಿ ಅದನ್ನು ಮೀರಿದ್ದಿಲ್ಲ. ಆದರೆ ಕರಗಿದ ಕೊಳೆಯನ್ನು ಅದು ಹೊರಗೆ ತರುವುದಿಲ್ಲ, ಎಲ್ಲವನ್ನೂ ನಂತರದ ವ್ಯಾಕ್ಯೂಮ್‌ಗೆ ಬಿಡುತ್ತದೆ. ಕಲೆ ಏಳುವುದೇ ನಿಮ್ಮ ಮುಖ್ಯ ತೊಂದರೆಯಾದ್ದರಿಂದ ಪ್ಯಾಡ್ ಇರುವ ಮೆಷಿನ್ ಮೊದಲು ಬರಬೇಕು.

40,000 ಚದರ ಅಡಿ ಎಂದು ಹೆದರಬೇಡಿ. ಮೇಜು, ಕಪಾಟುಗಳ ಅಡಿ ಬಿಟ್ಟರೆ ನಿಜವಾಗಿ ಕೊಳೆಯಾಗುವ ದಾರಿಗಳು 16,000 ಚದರ ಅಡಿ ಎಂದು ಇಟ್ಟುಕೊಳ್ಳಿ. ಸಿಂಪಡಿಸುವುದು, ಪ್ಯಾಡ್ ಬದಲಿಸುವುದು, ಕುರ್ಚಿ ಸರಿಸುವುದು ಸೇರಿ ಗಂಟೆಗೆ 1,500 ಚದರ ಅಡಿ ನಂಬಬಹುದಾದ ವೇಗ. ಡೀಲರ್ ಕಾಗದದಲ್ಲಿರುವ ಅಂಕಿ ಖಾಲಿ ಹಾಲ್‌ನದು. ಹಾಗಾದರೆ ಸುಮಾರು 11 ಗಂಟೆ, ಅಂದರೆ ಎರಡು ರಾತ್ರಿ. ದ್ರಾವಣ 160 ಲೀಟರ್. 1 ಪಾಲು ಕೆಮಿಕಲ್‌ಗೆ 30 ಪಾಲು ನೀರಿನ ಸರಕಾದರೆ 5 ಲೀಟರ್‌ನ ಕ್ಯಾನ್ ಒಂದು, ಮೇಲೆ ಚೂರು. ಪ್ಯಾಡ್‌ನ ಒಂದು ಮಗ್ಗುಲು 200ರಿಂದ 250 ಚದರ ಅಡಿ ತಾಳುತ್ತದೆ, ಮಗುಚಿ ಹಾಕಿದರೆ ಇನ್ನೂ ಅಷ್ಟೇ. ಆದ್ದರಿಂದ ರಾತ್ರಿಗೆ 18 ಪ್ಯಾಡ್ ಕೈಯಲ್ಲಿರಲಿ. ಹೆಚ್ಚಿನವರು ಮೆಷಿನ್ ಜೊತೆ ನಾಲ್ಕೇ ಪ್ಯಾಡ್ ಕೊಂಡು, ಅವನ್ನೇ ಬಕೆಟ್‌ನಲ್ಲಿ ಹಿಂಡಿ ಹಿಂಡಿ ಓಡಿಸಿ, ಕೊನೆಗೆ ಮೆಷಿನ್ ಸರಿಯಿಲ್ಲ ಅನ್ನುತ್ತಾರೆ.

ಡೆಮೋ ಕೇಳಿ ಪಡೆಯಿರಿ, ಆದರೆ ಜಾಗ ನೀವು ಆರಿಸಿ. ಪ್ಯಾಂಟ್ರಿ ಬಾಗಿಲ ಮುಂದೆ 10 ಅಡಿ ಉದ್ದಕ್ಕೆ ಮಾಸ್ಕಿಂಗ್ ಟೇಪ್ ಎಳೆದು ಒಂದೇ ಮಗ್ಗುಲು ಮಾಡಿಸಿ. ಸ್ಪ್ರೇಯರ್‌ನಲ್ಲಿ ಮೊದಲು ಎಷ್ಟಿತ್ತು, ಆಮೇಲೆ ಎಷ್ಟು ಉಳಿಯಿತು ಅಳೆಯಿರಿ. ಅರ್ಧ ಗಂಟೆ ಕಳೆದ ಮೇಲೆ ಬಿಳಿ ಟಿಶ್ಯೂ ಇಟ್ಟು ಹಿಮ್ಮಡಿಯಿಂದ ಒತ್ತಿ ನೋಡಿ. ಹಣದ ಮಾತು ಮಾತ್ರ ಮೂರು ದಿನದ ನಂತರ, ಕಲೆ ಎದ್ದಿದೆಯೇ ನೋಡಿ, ಒಮ್ಮೆ ವ್ಯಾಕ್ಯೂಮ್ ಹಾಕಿದ ಮೇಲೆ.

ಒಂದು ವಿಷಯ ಡೀಲರ್‌ಗಳು ಹೇಳುವುದಿಲ್ಲ. ಒಂದೂವರೆ ಎಚ್‌ಪಿ ಮೋಟರ್ ಓಡುವಾಗ ಏಳೆಂಟು ಆಂಪಿಯರ್ ಎಳೆಯುತ್ತದೆ, ಶುರುವಾಗುವ ಕ್ಷಣ ಅದರ ಹಲವು ಪಟ್ಟು. ಮೇಜಿನಡಿಯ ಯುಪಿಎಸ್ ಸಾಕೆಟ್‌ಗೆ ಚುಚ್ಚಿದರೆ ಒಂದಿಡೀ ಸಾಲು ಕಂಪ್ಯೂಟರ್ ಬಂದ್ ಆಗಬಹುದು. ಕಾರಿಡಾರ್ ಗೋಡೆಯ 16 ಆಂಪಿಯರ್ ಸಾಕೆಟ್‌ಗಳು ಎಲ್ಲೆಲ್ಲಿವೆ ಎಂದು ಕಟ್ಟಡದ ಎಲೆಕ್ಟ್ರಿಷಿಯನ್ ಹತ್ತಿರ ಮೊದಲೇ ಗುರುತು ಹಾಕಿಸಿಕೊಳ್ಳಿ. ಎಕ್ಸ್‌ಟೆನ್ಶನ್ ರೀಲ್ ಇದ್ದರೆ ವೈರ್ ಪೂರ್ತಿ ಬಿಚ್ಚಿಯೇ ಬಳಸಿ, ಸುತ್ತಿಕೊಂಡಿದ್ದರೆ ಒಳಗೆ ಬಿಸಿಯಾಗಿ ಕರಗುತ್ತದೆ.

ಎಕ್ಸ್‌ಟ್ರಾಕ್ಷನ್ ಮೆಷಿನ್ ಮಾರಬೇಡಿ. ಪ್ಯಾಂಟ್ರಿ, ಲಿಫ್ಟ್ ಮುಂದಿನ ಜಾಗಗಳಿಗೆ ವರ್ಷಕ್ಕೊಮ್ಮೆ ಅದೇ ಬೇಕು. ಆದರೆ ಆ ರಾತ್ರಿ ಎಸಿ ಮತ್ತು ಬ್ಲೋಯರ್ ಓಡಿಸಲು ಲಿಖಿತ ಒಪ್ಪಿಗೆ ಪಡೆದೇ ನೀರು ಬಿಡಿ.

ಪ್ರಶ್ನೆ: ನಮ್ಮ ಹೋಟೆಲ್‌ನ ಬ್ಯಾಂಕ್ವೆಟ್ ಹಾಲ್‌ನಲ್ಲಿ ಉಣ್ಣೆ ಮಿಶ್ರಿತ ಕಟ್ ಪೈಲ್ (ಎಳೆಯ ತುದಿ ಕತ್ತರಿಸಿದ) ಕಾರ್ಪೆಟ್ ಇದೆ. 17 ಇಂಚಿನ ಸಿಂಗಲ್ ಡಿಸ್ಕ್‌ಗೆ ಬಾನೆಟ್ ಹಾಕಿ ತಿಕ್ಕಿದ ಮೇಲೆ ದೀಪ ಹಾಕಿದಾಗ ಸುರುಳಿ ಸುರುಳಿ ಗುರುತು ಕಾಣುತ್ತದೆ. ಮಳೆಗಾಲದಲ್ಲಿ ಕೆಲವೆಡೆ ಕಂದು ಬಣ್ಣವೂ ಬಂದಿದೆ.
— ಹೌಸ್‌ಕೀಪಿಂಗ್ ಮುಖ್ಯಸ್ಥರು, ಮಂಗಳೂರು

ಉತ್ತರ: ಎರಡೂ ಬೇರೆ ಬೇರೆ ತೊಂದರೆ. ಕಟ್ ಪೈಲ್‌ನಲ್ಲಿ ಪ್ರತಿ ಎಳೆಯ ತುದಿಯೂ ಹೊಸೆದ ನೂಲು. ಒಂದೇ ದಿಕ್ಕಿಗೆ ತಿರುಗುವ ಭಾರದ ಡಿಸ್ಕ್ ಆ ಹೊಸೆತವನ್ನು ಬಿಚ್ಚುತ್ತದೆ, ಪ್ಯಾಡ್ ಒಣಗಿದ್ದರೆ ಇನ್ನೂ ಬೇಗ. ಒಂದು ಎಳೆಯನ್ನು ಬೆರಳಲ್ಲಿ ಹಿಡಿದು ನೋಡಿ: ತುದಿ ಹೂವಿನಂತೆ ಅರಳಿದ್ದರೆ ಮತ್ತೆ ಸರಿಹೋಗದು, ಬರೀ ಮಲಗಿದ್ದರೆ ಸ್ವಲ್ಪ ತೇವ ಮಾಡಿ ಕಾರ್ಪೆಟ್ ಬಾಚಣಿಗೆಯಿಂದ ಒಂದೇ ಕಡೆಗೆ ಬಾಚಿದರೆ ಏಳುತ್ತದೆ. ಈ ಹಾಲ್‌ಗೆ ಬೇಕಾದದ್ದು ಮೆತ್ತನೆ ಬ್ರಷ್‌ನ ಸಿಆರ್‌ಬಿ. ಕೆಮಿಕಲ್‌ನ ಪಿಎಚ್ 5ರಿಂದ 8ರೊಳಗಿರಲಿ, ಉಣ್ಣೆ ಕ್ಷಾರಕ್ಕೆ ಹಾಳಾಗುತ್ತದೆ.

ಕಂದು ಬಣ್ಣ ಬಹುತೇಕ ಕೆಳಗಿನ ಸೆಣಬಿನದು. ಹಿಂಬದಿಯ ಸೆಣಬು ನೆನೆದು ನಿಧಾನವಾಗಿ ಒಣಗಿದರೆ ಅದರ ಬಣ್ಣ ನೀರಿನ ಜೊತೆ ಮೇಲೇರುತ್ತದೆ, ಕ್ಷಾರದ ಶಾಂಪೂ ಬಿದ್ದರೆ ಇನ್ನೂ ಜಾಸ್ತಿ. ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ಸಿಟ್ರಿಕ್ ಆಸಿಡ್ ಕರಗಿಸಿ, ಮೂಲೆಯಲ್ಲಿ ಪರೀಕ್ಷಿಸಿ, ಹಗುರಾಗಿ ಸಿಂಪಡಿಸಿ ಬಿಳಿ ಟವೆಲ್‌ನಿಂದ ಒತ್ತಿ ತೆಗೆಯಿರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಹಾಲ್‌ಗೆ ದ್ರಾವಣದ ಬದಲು ಒದ್ದೆ ಪುಡಿ, ಅಂದರೆ ಕ್ಲೀನರ್‌ನಿಂದ ತೇವ ಮಾಡಿದ ಕಾರ್ಪೆಟ್ ಪುಡಿ, ಬಳಸಿ ನೋಡಿ. ಅದನ್ನು ಹರಡಿ, ಸಿಆರ್‌ಬಿಯಿಂದ ತಿಕ್ಕಿ, ಅರ್ಧ ಮುಕ್ಕಾಲು ಗಂಟೆ ಬಿಟ್ಟು ವ್ಯಾಕ್ಯೂಮ್ ಮಾಡಬೇಕು. ಪುಡಿ ದುಬಾರಿ, ವ್ಯಾಕ್ಯೂಮ್ ಕೆಲಸವೂ ಎರಡರಷ್ಟು. ಆದರೂ ಕರಾವಳಿಯ ಮಳೆಗಾಲಕ್ಕೆ ಇದಕ್ಕಿಂತ ಕ್ಷೇಮದ ದಾರಿಯಿಲ್ಲ.

ಪ್ರಶ್ನೆ: ನ್ಯೂಜೆರ್ಸಿಯಲ್ಲಿರುವ ನಮ್ಮ ಭಾವ ಅಲ್ಲಿ ಬಳಸಿದ ಆರ್ಬಿಟಲ್ ಒಂದನ್ನು ಕಡಿಮೆ ಬೆಲೆಗೆ ಕಳಿಸುತ್ತೇನೆ ಅನ್ನುತ್ತಾರೆ. 115 ವೋಲ್ಟ್, 60 ಹರ್ಟ್ಸ್ ಎಂದು ಬರೆದಿದೆ. ಟ್ರಾನ್ಸ್‌ಫಾರ್ಮರ್ ಹಾಕಿದರೆ ಸಾಕಲ್ಲವೇ?
— ಮೈಸೂರಿನ ಓದುಗರು

ಉತ್ತರ: ಸಾಲದು. ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತದೆ, ಹರ್ಟ್ಸ್ ಬದಲಿಸುವುದಿಲ್ಲ. ಆರ್ಬಿಟಲ್‌ನಲ್ಲಿ ಸಾಮಾನ್ಯವಾಗಿ ಇರುವುದು ಇಂಡಕ್ಷನ್ ಮೋಟರ್, ಅದರ ವೇಗ ಹರ್ಟ್ಸ್‌ಗೆ ತಕ್ಕಂತೆ. ಅಲ್ಲಿ ನಿಮಿಷಕ್ಕೆ 1,725 ಸುತ್ತು ತಿರುಗಿದ್ದು ನಮ್ಮ 50 ಹರ್ಟ್ಸ್‌ನಲ್ಲಿ ಸುಮಾರು 1,440ಕ್ಕೆ ಇಳಿಯುತ್ತದೆ. ವೇಗ ಕಡಿಮೆಯಾದರೂ ಸಹಿಸಬಹುದು, ಬಿಸಿ ಸಹಿಸಲಾಗದು. ಹರ್ಟ್ಸ್ ಇಳಿದು ವೋಲ್ಟೇಜ್ ಅಷ್ಟೇ ಇದ್ದರೆ ಮೋಟರ್ ಹೆಚ್ಚು ಕರೆಂಟ್ ಎಳೆದು ಕಾಯುತ್ತದೆ, ಒದ್ದೆ ಪ್ಯಾಡ್‌ನ ಹೊರೆ ಸೇರಿ ಒಳಗಿನ ತಂತಿ ಸುರುಳಿ (ವೈಂಡಿಂಗ್) ಸುಡುತ್ತದೆ. ಪ್ಲೇಟ್ ಮೇಲೆ 50/60 ಎಂದಿದ್ದರೆ ಮಾತ್ರ ದೊಡ್ಡ ಟ್ರಾನ್ಸ್‌ಫಾರ್ಮರ್ ಜೊತೆ ಓಡಿಸಿ. ಮೋಟರ್ ಬದಲಿಸೋಣ ಅಂದರೆ ಅಲ್ಲಿಯ ಶಾಫ್ಟ್ ಇಂಚಿನ ಅಳತೆ, ಇಲ್ಲಿಯದು ಮಿಲಿಮೀಟರ್. ಲೇತ್ ಕೆಲಸ ಮಾಡಿಸಲೇಬೇಕು. ಆ ಖರ್ಚು, ಸಾಗಣೆ, ಸುಂಕ ಕೂಡಿಸಿ ನೋಡಿ, ಇಲ್ಲೇ ಸರ್ವಿಸ್ ಸಿಗುವ ಮೆಷಿನ್ ಕೊಳ್ಳುವುದು ಮೇಲು.

ಪ್ರಶ್ನೆ: ಊಟದ ಜಾಗದ ಕಾರ್ಪೆಟ್ ಟೈಲ್ ಮೇಲೆ ಸಾಂಬಾರ್ ಚೆಲ್ಲಿತ್ತು. ಕ್ಲೀನರ್ ಹಾಕಿದ ತಕ್ಷಣ ಹಳದಿ ಕಲೆ ಕೆಂಪಾಯಿತು.
— ಆಡಳಿತಾಧಿಕಾರಿ, ಹುಬ್ಬಳ್ಳಿ

ಉತ್ತರ: ಅದು ಅರಿಸಿನ. ಕ್ಷಾರ ತಾಗಿದರೆ ಕೆಂಪಾಗುವುದು ಅದರ ಗುಣ, ಹಾಗಾಗಿ ನಿಮ್ಮ ಕ್ಲೀನರ್ ಕ್ಷಾರದ್ದು. ಒಂದು ಪಾಲು ಬಿಳಿ ವಿನೆಗರ್‌ಗೆ ನಾಲ್ಕು ಪಾಲು ನೀರು ಸೇರಿಸಿ ಒತ್ತಿ, ಹಳದಿಗೆ ಮರಳುತ್ತದೆ. ಎಣ್ಣೆ ಜಿಡ್ಡನ್ನು ಎನ್‌ಕ್ಯಾಪ್ ದ್ರಾವಣದಿಂದ ತೆಗೆಯಿರಿ. ಉಳಿದ ಹಳದಿಗೆ ಬಿಸಿಲೇ ಮದ್ದು: ಆ ಒಂದು ಟೈಲ್ ಎತ್ತಿ, ಬೆನ್ನು ಕೆಳಗೆ ಮಾಡಿ ಸಮತಟ್ಟಾದ ಜಾಗದಲ್ಲಿ ಬೆಳಗಿನ ಬಿಸಿಲಿಗಿಡಿ. ಅಂಚು ಸುರುಳಿಯಾಗದಂತೆ ಆಗಾಗ ನೋಡುತ್ತಿರಿ. ವಾಪಸ್ ಹಾಕುವಾಗ ಟೈಲ್ ಬೆನ್ನಿನ ಬಾಣದ ಗುರುತು ಪಕ್ಕದವುಗಳಿಗೆ ಹೊಂದುವಂತಿರಲಿ.

ಪ್ರಶ್ನೆ: ಸಿಆರ್‌ಬಿ ಕೊಂಡ ಆರೇ ತಿಂಗಳಿಗೆ ಬೆಲ್ಟ್ ಹರಿಯಿತು, ಬ್ರಷ್ ಒಂದು ಕಡೆ ಚಪ್ಪಟೆಯಾಗಿದೆ.
— ಕಲಬುರಗಿಯ ಓದುಗರು

ಉತ್ತರ: ಕೂದಲು ಮತ್ತು ದಾರ ಬ್ರಷ್‌ನ ಎರಡೂ ತುದಿಯ ಬೇರಿಂಗ್‌ಗೆ ಸುತ್ತಿಕೊಂಡು ಬಿಗಿಯಾಗಿವೆ, ಬೆಲ್ಟ್ ಹರಿದದ್ದು ಅದರಿಂದಲೇ. ಪ್ರತಿದಿನ ಕೆಲಸ ಮುಗಿದ ಮೇಲೆ ಬ್ರಷ್ ಕಳಚಿ, ತುದಿಯ ಕೂದಲನ್ನು ಕತ್ತರಿಯಿಂದ ಕತ್ತರಿಸಿ ತೆಗೆಯಬೇಕು. ಹಳೇ ಬೇರಿಂಗ್ ಕೈಯಲ್ಲಿ ತಿರುಗಿಸಿದಾಗ ಗರಗರ ಎಂದರೆ ಹೊಸ ಬೆಲ್ಟ್ ಜೊತೆಗೇ ಅದನ್ನೂ ಬದಲಿಸಿ. ಬ್ರಷ್ ಚಪ್ಪಟೆಯಾದದ್ದು ಮೆಷಿನ್‌ನ ಭಾರ ಅದರ ಮೇಲೇ ಬಿಟ್ಟು ನಿಲ್ಲಿಸಿದ್ದಕ್ಕೆ. ಸಾಗಣೆ ಚಕ್ರ ಇಳಿಸಿ, ಬ್ರಷ್ ನೆಲಕ್ಕೆ ತಾಗದಂತೆ ಇಡಿ. ಬಾಗಿದ ಬ್ರಷ್ ಕಳಚಿ ಬಿಸಿ ನೀರಿನಲ್ಲಿ ಹತ್ತು ನಿಮಿಷ ನೆನೆಸಿದರೆ ಸ್ವಲ್ಪ ನೆಟ್ಟಗಾಗುತ್ತದೆ. ಆಗದಿದ್ದರೆ ಎರಡನ್ನೂ ಒಟ್ಟಿಗೇ ಹೊಸದು ಹಾಕಿ. ಒಂದು ಹಳೆಯದು ಒಂದು ಹೊಸದು ಇದ್ದರೆ ಮೆಷಿನ್ ಒಂದು ಕಡೆಗೆ ಎಳೆಯುತ್ತದೆ.