ಕೊಂಡ ಸಿನಿಮಾ ಕಾಣೆಯಾದರೆ ಯಾರನ್ನು ಕೇಳುವುದು?

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಟಿಟಿಯವರ ಮೇಲಿನ ಸಿಟ್ಟೇ. ಒಂದೇ ತರಹದವನ್ನು ಸೇರಿಸಿ ಐದು ಪ್ರಶ್ನೆಗಳಿಗೆ ಉತ್ತರಿಸಿದ್ದೇನೆ. ಮೊದಲನೆಯದಕ್ಕೆ ಜಾಗ ಜಾಸ್ತಿ ಹಿಡಿದಿದೆ, ಉಳಿದವರು ಬೇಸರಿಸಬಾರದು.

ಪ್ರಶ್ನೆ: ಕೆಲವು ವರ್ಷಗಳ ಹಿಂದೆ ನಮ್ಮ ತಂದೆಯವರಿಗೆಂದು ಒಂದು ಆ್ಯಪ್‌ನಲ್ಲಿ ಏಳೆಂಟು ಸಿನಿಮಾ ತೆಗೆದುಕೊಂಡಿದ್ದೆ. ಬಾಡಿಗೆಗಲ್ಲ, ಪೂರ್ತಿ ದುಡ್ಡು ಕೊಟ್ಟು. ಈಗ ಅದರಲ್ಲಿ ಎರಡು ಕಾಣುತ್ತಿಲ್ಲ. ಕಸ್ಟಮರ್ ಕೇರ್‌ನವರು ‘ರೈಟ್ಸ್ ಮುಗಿದಿದೆ ಸರ್’ ಎನ್ನುತ್ತಾರೆ. ದುಡ್ಡು ಕೊಟ್ಟ ಮೇಲೆ ಅದು ನನ್ನದಲ್ಲವೇ? — ಓದುಗರು, ದಾವಣಗೆರೆ

ನಿಮ್ಮದಲ್ಲ. ಸುತ್ತಿ ಬಳಸಿ ಹೇಳಿದರೂ ಉತ್ತರ ಇಷ್ಟೇ. ಅಕೌಂಟ್ ತೆರೆಯುವಾಗ ಓದದೆ ಒಪ್ಪಿಗೆ ಒತ್ತಿದ ಷರತ್ತುಗಳನ್ನು ಈಗ ತೆಗೆದು ನೋಡಿ. ನಿಮಗೆ ಕೊಟ್ಟಿರುವುದು ನೋಡುವ ಪರವಾನಗಿ ಮಾತ್ರ, ಅದನ್ನು ಮಾರುವಂತಿಲ್ಲ, ಮತ್ತೊಬ್ಬರಿಗೆ ಕೊಡುವಂತಿಲ್ಲ, ಬೇಕೆಂದಾಗ ನಾವು ವಾಪಸ್ ಪಡೆಯಬಹುದು ಎಂಬರ್ಥದ ಸಾಲುಗಳು ಸಿಗುತ್ತವೆ. ಭೋಗ್ಯಕ್ಕೆ ಮನೆ ಹಿಡಿದ ಹಾಗೆ ಎನ್ನೋಣವೆಂದರೆ, ಭೋಗ್ಯದಲ್ಲಿ ಮನೆ ಬಿಡುವಾಗ ಕೊಟ್ಟ ಹಣವಾದರೂ ಕೈಗೆ ಬರುತ್ತದೆ.

ಆ್ಯಪ್‌ನವರೂ ಸಿನಿಮಾದ ಒಡೆಯರಲ್ಲ. ನಿರ್ಮಾಪಕರಿಂದಲೋ ಹಕ್ಕು ಕೊಂಡ ವಿತರಕರಿಂದಲೋ ಇಷ್ಟು ವರ್ಷಕ್ಕೆ, ಇಂತಿಂಥ ದೇಶಕ್ಕೆ ಎಂದು ಪಡೆದಿರುತ್ತಾರೆ. ಅವಧಿ ಮುಗಿದು ಮತ್ತೆ ಒಪ್ಪಂದವಾಗದಿದ್ದರೆ ಸಿನಿಮಾ ಅವರಲ್ಲಿಂದ ಹೋಗುತ್ತದೆ. ‘ಈಗಾಗಲೇ ತೆಗೆದುಕೊಂಡವರಿಗೆ ಮುಂದೆಯೂ ಸಿಗತಕ್ಕದ್ದು’ ಎಂದು ಒಪ್ಪಂದದಲ್ಲಿ ಬರೆಸಿಕೊಂಡಿದ್ದರೆ ನೀವು ಬಚಾವ್. ನಿಮ್ಮ ಎರಡು ಸಿನಿಮಾಗಳ ವಿಷಯದಲ್ಲಿ ಯಾರೂ ಅಷ್ಟು ತಲೆ ಕೆಡಿಸಿಕೊಂಡಂತಿಲ್ಲ.

ಇದು ಹೊಸ ಕಾಯಿಲೆಯೂ ಅಲ್ಲ. 2009ರ ಜುಲೈನಲ್ಲಿ ಕಿಂಡಲ್ ಎಂಬ ಇ-ಪುಸ್ತಕ ಓದುವ ಯಂತ್ರಕ್ಕೆಂದು ಅಮೆರಿಕದ ಓದುಗರು ದುಡ್ಡು ಕೊಟ್ಟು ತೆಗೆದುಕೊಂಡಿದ್ದ ಪುಸ್ತಕಗಳನ್ನು ಅಮೆಜಾನ್ ಅವರ ಯಂತ್ರದೊಳಗಿಂದಲೇ ಅಳಿಸಿತು. ಮಾರಿದವರಿಗೆ ಅಲ್ಲಿನ ಹಕ್ಕು ಇರಲಿಲ್ಲ ಎಂಬುದು ಕಾರಣ. ಅಳಿಸಿದ್ದು ಯಾವ ಪುಸ್ತಕ ಅಂತೀರಿ? ಬೇಡವಾದ ದಾಖಲೆಗಳನ್ನೆಲ್ಲ ಸುಟ್ಟುಹಾಕುವ ಸರ್ಕಾರದ ಕತೆ, ಆರ್ವೆಲ್‌ನ ‘1984’. ಹಣ ವಾಪಸ್ ಬಂತು, ಅಮೆಜಾನ್ ಮುಖ್ಯಸ್ಥರಾಗಿದ್ದ ಜೆಫ್ ಬೆಜೋಸ್ ಕ್ಷಮೆಯನ್ನೂ ಕೇಳಿದರು. ಹತ್ತು ವರ್ಷದ ನಂತರ, 2019ರಲ್ಲಿ, ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದ ಅಂಗಡಿ ಮುಚ್ಚಿದಾಗ ಮಾರಿದ್ದ ಪುಸ್ತಕಗಳೆಲ್ಲ ತೆರೆಯದಾದವು. ಪೂರ್ತಿ ಹಣ ಹಿಂದಿರುಗಿಸಿ, ಪುಸ್ತಕದಲ್ಲಿ ಟಿಪ್ಪಣಿ ಬರೆದುಕೊಂಡಿದ್ದವರಿಗೆ ಮೇಲೆ 25 ಡಾಲರ್ ಕೊಟ್ಟರು. 2023ರ ಡಿಸೆಂಬರ್‌ನಲ್ಲಿ ಸೋನಿಯ ಪ್ಲೇಸ್ಟೇಷನ್ ಕೂಡ, ಗ್ರಾಹಕರು ಕೊಂಡಿದ್ದ ಡಿಸ್ಕವರಿ ಕಾರ್ಯಕ್ರಮಗಳನ್ನೆಲ್ಲ ವರ್ಷಾಂತ್ಯಕ್ಕೆ ತೆಗೆಯುತ್ತೇವೆ ಎಂದಿತ್ತು. ಗಲಾಟೆಯಾದ ಮೇಲೆ ಹೊಸ ಒಪ್ಪಂದವಾಯಿತು, ಕನಿಷ್ಠ ಮೂವತ್ತು ತಿಂಗಳ ಮಟ್ಟಿಗೆ.

ನಮ್ಮಲ್ಲೇ ನಡೆದ ಒಂದು ಪ್ರಸಂಗ ಇದಕ್ಕಿಂತ ಭಿನ್ನ. ಬೆಂಗಳೂರಿನ ಫ್ಲಿಪ್‌ಕಾರ್ಟ್ 2012ರ ಫೆಬ್ರವರಿಯಲ್ಲಿ ‘ಫ್ಲೈಟ್’ ಎಂಬ ಹಾಡಿನ ಅಂಗಡಿ ತೆರೆದು, 2013ರ ಜೂನ್‌ನಲ್ಲಿ ಮುಚ್ಚಿತು. ಅಲ್ಲಿ ಹಾಡು ಕೊಂಡವರಿಗೆ ಸಿಕ್ಕಿದ್ದು ಬೀಗವಿಲ್ಲದ ಎಂಪಿ3 ಫೈಲು. ಅಂಗಡಿ ಮುಚ್ಚಿದ ಮೇಲೂ, ಇಳಿಸಿಟ್ಟುಕೊಂಡವರ ಹಾಡು ಇವತ್ತಿಗೂ ಹಾಡುತ್ತದೆ. ಆಮೇಲೆ ಬಂದ ಸ್ಟ್ರೀಮಿಂಗ್ ಆ್ಯಪ್‌ಗಳಲ್ಲಿ ಹಾಡು ಕೋಟಿಗಟ್ಟಲೆ ಇವೆ, ಚಂದಾ ನಿಲ್ಲಿಸಿದ ದಿನ ಒಂದೂ ಉಳಿಯುವುದಿಲ್ಲ. ಅಂದಹಾಗೆ, ಆ್ಯಪ್‌ನೊಳಗೆ ‘ಡೌನ್‌ಲೋಡ್’ ಒತ್ತಿದ್ದೇನಲ್ಲ ಎಂದು ನೆಮ್ಮದಿಯಾಗಿ ಕೂರಬೇಡಿ. ಆ ಫೈಲಿಗೆ ಡಿಆರ್‌ಎಂ ಎಂಬ ಬೀಗವಿರುತ್ತದೆ, ಕೀಲಿ ಅವರ ಸರ್ವರ್‌ನಲ್ಲಿರುತ್ತದೆ.

ಇನ್ನು ಕಾನೂನು. ಕ್ಯಾಲಿಫೋರ್ನಿಯದಲ್ಲಿ 2025ರ ಜನವರಿ 1ರಿಂದ ಒಂದು ಕಾಯ್ದೆ ಜಾರಿಯಲ್ಲಿದೆ. ಕೊಡುತ್ತಿರುವುದು ಪರವಾನಗಿ ಮಾತ್ರ ಎಂದು ಗ್ರಾಹಕರಿಗೆ ಕಣ್ಣಿಗೆ ಹೊಡೆಯುವಂತೆ ತಿಳಿಸದೆ ‘ಬೈ’ (ಕೊಂಡುಕೊಳ್ಳಿ) ಎಂಬ ಬಟನ್ ಇಡುವಂತಿಲ್ಲ. ಇಂಟರ್ನೆಟ್ ಇಲ್ಲದೆಯೂ ಕಾಯಂ ಇಟ್ಟುಕೊಳ್ಳಬಹುದಾದ ಫೈಲು ಕೊಡುವವರಿಗೆ ವಿನಾಯಿತಿ ಇದೆ. ನಮ್ಮಲ್ಲಿ ಇಷ್ಟು ನೇರವಾದ ಕಾಯ್ದೆ ಇಲ್ಲದಿದ್ದರೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ‘ಅನುಚಿತ ವ್ಯಾಪಾರ ಪದ್ಧತಿ’ ಎಂಬ ಬಾಗಿಲು ತೆರೆದಿದೆ.

ನಿಮ್ಮ ಜಾಗದಲ್ಲಿ ನಾನಿದ್ದರೆ ಸಿನಿಮಾ ಕೇಳುವುದಿಲ್ಲ, ಹಣ ಕೇಳುತ್ತೇನೆ. ಹಳೆಯ ಇ-ಮೇಲ್‌ನಿಂದ ಬಿಲ್ ಹುಡುಕಿ, ಈಗ ಕಾಣುತ್ತಿರುವ ಪುಟದ ಸ್ಕ್ರೀನ್‌ಶಾಟ್ ಇಟ್ಟುಕೊಂಡು, ಕಸ್ಟಮರ್ ಕೇರ್ ಬಿಟ್ಟು ಕಂಪನಿಯ ‘ಗ್ರೀವೆನ್ಸ್ ಆಫೀಸರ್’ಗೆ ಬರೆಯಿರಿ. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ದೂರು ತಲುಪಿದ್ದನ್ನು 48 ಗಂಟೆಯೊಳಗೆ ತಿಳಿಸಿ, ಒಂದು ತಿಂಗಳಲ್ಲಿ ಇತ್ಯರ್ಥ ಮಾಡಬೇಕು. ಅಲ್ಲಾಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅದಕ್ಕೂ ಬಗ್ಗದಿದ್ದರೆ ದಾವಣಗೆರೆಯ ಜಿಲ್ಲಾ ಗ್ರಾಹಕರ ಆಯೋಗ. ಕಂಪನಿ ಎಲ್ಲೇ ಇರಲಿ, ನೀವು ವಾಸವಿರುವ ಊರಲ್ಲೇ ದಾಖಲಿಸಬಹುದು, ₹5 ಲಕ್ಷದವರೆಗೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ. ತೊಂದರೆಯಾದಾಗಿನಿಂದ ಎರಡು ವರ್ಷದೊಳಗೆ ಹೋಗಬೇಕು. ಎರಡು ಸಿನಿಮಾದ ಮೊತ್ತಕ್ಕೆ ಬಹುತೇಕ ಕಂಪನಿಗಳು ಆಯೋಗದ ಮೆಟ್ಟಿಲಿನವರೆಗೆ ಎಳೆಯಲಾರವು ಎಂದು ನನ್ನ ಅಂದಾಜು.

ಪ್ರಶ್ನೆ: ಜಾಹೀರಾತು ಇಲ್ಲ ಎಂದೇ ವರ್ಷದ ಪ್ಯಾಕ್ ಹಾಕಿಸಿದ್ದು. ಅರ್ಧ ವರ್ಷಕ್ಕೆ ಜಾಹೀರಾತು ಶುರು. ಬೇಡವೆಂದರೆ ಇನ್ನಷ್ಟು ಕಟ್ಟಿ ಎನ್ನುತ್ತಾರೆ. ಇದು ಮೋಸವಲ್ಲವೇ? — ಓದುಗರು, ಮೈಸೂರು

ನೀವೊಬ್ಬರೇ ಅಲ್ಲ. ಪ್ರೈಮ್ ವಿಡಿಯೊ ಭಾರತದಲ್ಲಿ 2025ರ ಜೂನ್ 17ರಿಂದ ಜಾಹೀರಾತು ತಂದಿತು. ಬೇಡದವರು ತಿಂಗಳಿಗೆ ₹129 ಅಥವಾ ವರ್ಷಕ್ಕೆ ₹699 ಹೆಚ್ಚಿಗೆ ಕೊಡಬೇಕು ಎಂದಿತು. ಸೇವೆಯ ಸ್ವರೂಪ ಬದಲಿಸುವ ಹಕ್ಕನ್ನು ಈ ಕಂಪನಿಗಳು ಷರತ್ತಿನಲ್ಲೇ ಬರೆದಿಟ್ಟುಕೊಂಡಿರುತ್ತವೆ.

ಗ್ರಾಹಕನಿಗೆ ವಿಪರೀತ ಪ್ರತಿಕೂಲವಾದ ಇಂಥ ಷರತ್ತನ್ನು ‘ಅನ್ಯಾಯದ ಕರಾರು’ ಎಂದು ಪ್ರಶ್ನಿಸಲು 2019ರ ಕಾಯ್ದೆಯಲ್ಲಿ ಅವಕಾಶವಿದೆ. ಆದರೆ ಒಂದು ವಿಚಿತ್ರ ನೋಡಿ: ಅನ್ಯಾಯದ ಕರಾರಿನ ದೂರು ಎಷ್ಟೇ ಸಣ್ಣದಿರಲಿ, ಜಿಲ್ಲಾ ಆಯೋಗ ಅದನ್ನು ತೆಗೆದುಕೊಳ್ಳುವುದಿಲ್ಲ, ರಾಜ್ಯ ಆಯೋಗಕ್ಕೇ ಹೋಗಬೇಕು. ಸಾವಿರ ಚಿಲ್ಲರೆ ರೂಪಾಯಿ ಚಂದಾಕ್ಕೆ ಯಾರು ಹೋಗುತ್ತಾರೆ! ಹಾಗಾಗಿ ‘ಸೇವಾ ನ್ಯೂನತೆ’ ಎಂದೇ ಜಿಲ್ಲೆಯಲ್ಲಿ ದೂರು ಕೊಡುವುದು ಪ್ರಾಯೋಗಿಕ. ಅದಕ್ಕೂ ಮೊದಲು, ಉಳಿದ ತಿಂಗಳುಗಳ ಹಣ ಲೆಕ್ಕ ಹಾಕಿ ವಾಪಸ್ ಕೊಡಿ ಎಂದು ಬರವಣಿಗೆಯಲ್ಲಿ ಕೇಳಿ. ಮುಂದಿನ ಸಲ ಇಂಥ ಕಡೆ ವರ್ಷದ ಪ್ಯಾಕ್ ಹಾಕಿಸಬೇಡಿ. ತಿಂಗಳ ಲೆಕ್ಕ ತುಸು ದುಬಾರಿ ಅನ್ನಿಸಿದರೂ, ಬೇಡ ಅನ್ನಿಸಿದ ತಿಂಗಳು ಎದ್ದುಬರಬಹುದು.

ಪ್ರಶ್ನೆ: ಮನೆಯಲ್ಲಿ ಹಳೆಯ ಕನ್ನಡ ಸಿನಿಮಾಗಳ ವಿಸಿಡಿ, ಡಿವಿಡಿ ಒಂದು ಪೆಟ್ಟಿಗೆ ತುಂಬ ಇವೆ. ಕೆಲವು ಯಾವ ಒಟಿಟಿಯಲ್ಲೂ ಇಲ್ಲ. ಪ್ಲೇಯರ್ ಕೆಟ್ಟಿದೆ, ಮಕ್ಕಳು ಗುಜರಿಗೆ ಹಾಕು ಅಂತಾರೆ. — ಓದುಗರು, ಶಿರಸಿ

ದಯವಿಟ್ಟು ಹಾಕಬೇಡಿ. ಈ ಪುಟದಲ್ಲಿ ಪತ್ರ ಬರೆದವರಲ್ಲಿ ಸಿನಿಮಾ ಕೈಯಲ್ಲಿ ಇರುವವರು ನೀವೊಬ್ಬರೇ.

ಯುಎಸ್‌ಬಿಗೆ ಚುಚ್ಚುವ ಡಿವಿಡಿ ಡ್ರೈವ್ ಒಂದನ್ನು ತರಿಸಿ. ವಿಸಿಡಿ ಹಾಕಿದರೆ ‘ಎಂಪಿಇಜಿಎವಿ’ ಎಂಬ ಫೋಲ್ಡರ್ ಕಾಣುತ್ತದೆ, ಅದರೊಳಗೆ ‘ಡ್ಯಾಟ್’ ಎಂದು ಕೊನೆಯಾಗುವ ದೊಡ್ಡ ಫೈಲುಗಳಿರುತ್ತವೆ. ವಿಸಿಡಿಗೆ ಬೀಗವಿಲ್ಲ. ಫೈಲನ್ನು ಹಾಗೇ ಹಾರ್ಡ್ ಡಿಸ್ಕ್‌ಗೆ ಕಾಪಿ ಮಾಡಿ, ವಿಎಲ್‌ಸಿ ಎಂಬ ಪ್ಲೇಯರ್ ಸಾಫ್ಟ್‌ವೇರ್‌ನಲ್ಲಿ ತೆರೆದರೆ ಓಡುತ್ತದೆ. ಒಂದು ಡಿಸ್ಕಿನಲ್ಲಿ ಹಿಡಿಯುವುದು ಎಪ್ಪತ್ತೈದು–ಎಂಬತ್ತು ನಿಮಿಷ, ಅದಕ್ಕೇ ಸಿನಿಮಾ ಎರಡು ಮೂರು ಡಿಸ್ಕಿಗೆ ಹಂಚಿಹೋಗಿರುವುದು. ಎಲ್ಲವನ್ನೂ ಒಂದೇ ಫೋಲ್ಡರಿನಲ್ಲಿ ಕ್ರಮವಾಗಿ ಹೆಸರಿಸಿಡಿ, ಇಲ್ಲವಾದರೆ ಕ್ಲೈಮ್ಯಾಕ್ಸ್ ಮೊದಲು ಬಂದೀತು. ಚಿತ್ರ 352×288 ಪಿಕ್ಸೆಲ್‌ನಷ್ಟೇ ಇರುವುದರಿಂದ ದೊಡ್ಡ ಟಿವಿಯಲ್ಲಿ ಮಸುಕು ಮಸುಕು. ಇದನ್ನು ಚಂದ ಮಾಡಿಕೊಡುತ್ತೇನೆನ್ನುವ ಸಾಫ್ಟ್‌ವೇರ್‌ಗೆ ದುಡ್ಡು ಸುರಿಯಬೇಡಿ, ಇಲ್ಲದ ವಿವರ ಎಲ್ಲಿಂದ ಬರಬೇಕು?

ಮಲೆನಾಡಿನ ಮಳೆಗಾಲದಲ್ಲಿ ಡಿಸ್ಕಿಗೆ ಬೂಷ್ಟು ಹಿಡಿಯುತ್ತದೆ. ಮೆತ್ತನೆ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಗುಂಡಗೆ ತಿಕ್ಕಬೇಡಿ. ವಿಸಿಡಿಯಲ್ಲಿ ಹೆಸರು ಅಚ್ಚಾದ ಮೇಲ್ಭಾಗದಲ್ಲಿ ಗೀರು ಬಿದ್ದರೆ ಹೆಚ್ಚು ಅಪಾಯ, ಮಾಹಿತಿ ಹೊತ್ತ ಅಲ್ಯೂಮಿನಿಯಂ ಪದರ ಇರುವುದು ಅದರ ಕೆಳಗೇ.

ಕಾನೂನಿನ ಮಾತಿಗೆ ಬಂದರೆ, ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ ಖಾಸಗಿ, ವೈಯಕ್ತಿಕ ಬಳಕೆಯ ನ್ಯಾಯಯುತ ವ್ಯವಹಾರಕ್ಕೆ ರಿಯಾಯಿತಿ ಕೊಡುತ್ತದೆ. ಕೊಂಡ ಡಿಸ್ಕನ್ನು ಮನೆಮಂದಿ ನೋಡಲೆಂದು ಪ್ರತಿ ಮಾಡಿಟ್ಟುಕೊಳ್ಳುವುದು ಅದರೊಳಗೆ ಬರುತ್ತದೆ ಎಂಬುದು ನನ್ನ ಓದು. ಯೂಟ್ಯೂಬಿಗೆ, ಟೆಲಿಗ್ರಾಂಗೆ ಏರಿಸುವುದು ಖಂಡಿತ ಬರುವುದಿಲ್ಲ. ‘ಸಿನಿಮಾಕ್ಕೆ 60 ವರ್ಷ ಆಯಿತಲ್ಲ, ಹಕ್ಕು ಮುಗಿದಿಲ್ಲವೇ’ ಎಂದು ಇನ್ನೊಬ್ಬರು ಕೇಳಿದ್ದಾರೆ. ಸಿನಿಮಾದ ಹಕ್ಕು ಮುಗಿದಿರಬಹುದು, ಆದರೆ ಹಾಡು ಬರೆದ ಕವಿಯ ಹಕ್ಕು ಅವರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ.

ಪ್ರಶ್ನೆ: ಬೆಂಗಳೂರಲ್ಲಿದ್ದಾಗ ಕಟ್ಟಿದ ಚಂದಾ ಇನ್ನೂ ಇದೆ. ಮ್ಯೂನಿಕ್‌ಗೆ ಬಂದ ಮೇಲೆ ಕನ್ನಡ ಸಿನಿಮಾಗಳೇ ಕಾಣುತ್ತಿಲ್ಲ. — ಓದುಗರು, ಜರ್ಮನಿ

ಮೇಲೆ ಹೇಳಿದ ‘ಇಂತಿಂಥ ದೇಶಕ್ಕೆ’ ಎಂಬ ಷರತ್ತಿನ ಫಲ ಇದು. ವಿದೇಶದ ಹಕ್ಕನ್ನು ಬೇರೆಯವರಿಗೆ ಬೇರೆಯಾಗಿ ಮಾರುವುದು ನಮ್ಮ ಚಿತ್ರರಂಗದಲ್ಲಿ ರೂಢಿ. ಯುರೋಪಿನಲ್ಲಿ 2018ರ ಏಪ್ರಿಲ್‌ನಿಂದ, ಹಣ ಕೊಟ್ಟು ಪಡೆದ ಚಂದಾ ಒಕ್ಕೂಟದ ಬೇರೆ ದೇಶಕ್ಕೆ ತಾತ್ಕಾಲಿಕವಾಗಿ ಹೋದಾಗಲೂ ನಡೆಯಬೇಕೆಂಬ ನಿಯಮವಿದೆ. ಅದು ಒಕ್ಕೂಟದೊಳಗಿನ ಅಕೌಂಟ್‌ಗಳಿಗೆ, ನಿಮ್ಮ ಭಾರತದ ಅಕೌಂಟ್‌ಗೆ ಅಲ್ಲ. ಭಾರತದಲ್ಲೇ ಇದ್ದಂತೆ ತೋರಿಸುವ ವಿಪಿಎನ್ ಹಾಕಿದರೆ ಷರತ್ತು ಮುರಿದಂತಾಗಿ ಅಕೌಂಟೇ ಹೋಗಬಹುದು. ಅಲ್ಲಿನದೇ ಚಂದಾ ತೆಗೆದುಕೊಳ್ಳುವ ಮುನ್ನ, ಆಡಿಯೊ ಕಂಪನಿಗಳ ಮತ್ತು ನಿರ್ಮಾಪಕರ ಅಧಿಕೃತ ಯೂಟ್ಯೂಬ್ ಚಾನೆಲ್‌ಗಳನ್ನು ಒಮ್ಮೆ ನೋಡಿ.

ಪ್ರಶ್ನೆ: ಆ್ಯಪ್ ತೆಗೆದುಹಾಕಿದ್ದೇನೆ, ಆದರೂ ಪ್ರತಿ ತಿಂಗಳು ಹಣ ಕಟ್ ಆಗುತ್ತಿದೆ. — ಓದುಗರು, ಹುಬ್ಬಳ್ಳಿ

ಆ್ಯಪ್ ಅಳಿಸಿದರೆ ಚಂದಾ ನಿಲ್ಲುವುದಿಲ್ಲ. ಯುಪಿಐ ಮೂಲಕ ಕಟ್ಟಿದ್ದರೆ ನಿಮ್ಮ ಪೇಮೆಂಟ್ ಆ್ಯಪ್‌ನ ‘ಆಟೊಪೇ’ ವಿಭಾಗದಲ್ಲಿ, ಕಾರ್ಡ್ ಕೊಟ್ಟಿದ್ದರೆ ಬ್ಯಾಂಕಿನ ಜಾಲತಾಣದ ಇ-ಮ್ಯಾಂಡೇಟ್ (ತಾನಾಗಿ ಹಣ ಕಡಿತಕ್ಕೆ ಕೊಟ್ಟ ಒಪ್ಪಿಗೆ) ಪುಟದಲ್ಲಿ, ಪ್ಲೇ ಸ್ಟೋರ್ ಮೂಲಕ ಆಗಿದ್ದರೆ ಅಲ್ಲಿಯ ಸಬ್‌ಸ್ಕ್ರಿಪ್ಷನ್ ಪಟ್ಟಿಯಲ್ಲಿ ರದ್ದು ಮಾಡಿ. ಕಾರ್ಡಿನಿಂದ ಪ್ರತಿ ಸಲ ಹಣ ತೆಗೆಯುವ ಕನಿಷ್ಠ 24 ಗಂಟೆ ಮೊದಲು ಬ್ಯಾಂಕ್ ಸೂಚನೆ ಕಳಿಸಬೇಕು, ಅದರಲ್ಲೇ ಬೇಡವೆನ್ನುವ ದಾರಿಯೂ ಇರಬೇಕು ಎಂಬುದು ಆರ್‌ಬಿಐ ನಿಯಮ. ಜಾಹೀರಾತಿನ ಎಸ್‌ಎಂಎಸ್ ರಾಶಿಯಲ್ಲಿ ಅದನ್ನೇ ನೀವು ನೋಡದೆ ಅಳಿಸುತ್ತಿರಬಹುದು. ರದ್ದು ಮಾಡುವ ಬಟನ್ನನ್ನೇ ಬಚ್ಚಿಟ್ಟಿದ್ದರೆ ಅದು ಗ್ರಾಹಕರನ್ನು ದಾರಿ ತಪ್ಪಿಸುವ ತಂತ್ರಗಳ ಬಗೆಗಿನ 2023ರ ‘ಡಾರ್ಕ್ ಪ್ಯಾಟರ್ನ್’ ಮಾರ್ಗಸೂಚಿಯ ಹದಿಮೂರು ತಂತ್ರಗಳಲ್ಲಿ ಒಂದಾದ ಚಂದಾ ಬಲೆ. 1915ಕ್ಕೆ ದೂರು ಕೊಡುವಾಗ ಆ ಹೆಸರನ್ನೇ ಹಿಡಿದು ಹೇಳಿ.