ಮಾತ್ರೆಯಿಂದ ಕೆಟ್ಟ ಯಕೃತ್ತಿಗೆ ನೆಲನೆಲ್ಲಿ ಸಾಕೇ?

ಪ್ರಶ್ನೆ: ಅಣ್ಣನಿಗೆ ಕ್ಷಯದ ಮಾತ್ರೆ ಶುರುವಾಗಿ ಐದು ವಾರವಾಯಿತು. ನಾಲ್ಕು ದಿನಗಳಿಂದ ಊಟ ಸೇರುತ್ತಿಲ್ಲ, ವಾಕರಿಕೆ ಬರುತ್ತಿದೆ. ಮೂತ್ರ ಮೊದಲ ದಿನದಿಂದಲೂ ಕಿತ್ತಳೆ ಬಣ್ಣಕ್ಕಿದೆ. ಯಕೃತ್ತು ಕೆಡದಿರಲೆಂದು ಬೆಳಿಗ್ಗೆ ನೆಲನೆಲ್ಲಿ ಅರೆದು ಹಾಲಿನಲ್ಲಿ ಕೊಡುತ್ತಿದ್ದೇವೆ. ಮುಂದುವರಿಸಬಹುದೇ? – ಓದುಗರು, ಶಿರಸಿ

ಉತ್ತರ: ನೆಲನೆಲ್ಲಿಯ ಮಾತು ಆಮೇಲೆ. ಇವತ್ತಿನ ಮಾತ್ರೆ ನುಂಗಿಸದೆ, ಮಾತ್ರೆ ಕೊಟ್ಟ ಆರೋಗ್ಯ ಕೇಂದ್ರಕ್ಕೆ ಇಂದೇ ಕರೆದೊಯ್ದು ಯಕೃತ್ತಿನ ಸ್ಥಿತಿ ತಿಳಿಸುವ ಎಎಲ್‌ಟಿ, ಎಎಸ್‌ಟಿ, ಬಿಲಿರುಬಿನ್ ಎಂಬ ರಕ್ತಪರೀಕ್ಷೆಗಳನ್ನು ಮಾಡಿಸಿ. ಆರಂಭದಲ್ಲಿ ಕೊಡುವ ನಾಲ್ಕು ಔಷಧಗಳ ಪೈಕಿ ಐಸೋನಿಯಜಿಡ್, ರಿಫಾಂಪಿಸಿನ್, ಪೈರಜಿನಮೈಡ್ ಮೂರಕ್ಕೂ ಯಕೃತ್ತನ್ನು ಕೆಡಿಸುವ ಗುಣವಿದೆ. ವಾಕರಿಕೆಯಂಥ ಲಕ್ಷಣವಿದ್ದು ಎಎಲ್‌ಟಿ ಸಹಜ ಮಿತಿಯ 3 ಪಟ್ಟು ದಾಟಿದರೆ, ಲಕ್ಷಣವೇ ಇಲ್ಲದಿದ್ದರೂ 5 ಪಟ್ಟು ದಾಟಿದರೆ, ವೈದ್ಯರು ಆ ಮೂರನ್ನೂ ತಡೆಯುತ್ತಾರೆ. ಅಂಕಿ ಇಳಿದ ಮೇಲೆ ಒಂದೊಂದನ್ನೇ ಕೆಲವು ದಿನ ಬಿಟ್ಟು, ನಡುವೆ ರಕ್ತ ನೋಡುತ್ತ ಮತ್ತೆ ಸೇರಿಸುತ್ತಾರೆ. ನೀವಾಗಿಯೇ ನಿಲ್ಲಿಸಿ ಮನೆಯಲ್ಲಿ ಕೂತರೆ ಕ್ಷಯ ಮರಳುತ್ತದೆ, ಔಷಧಕ್ಕೆ ಬಗ್ಗದಂತೆಯೂ ಆಗಬಹುದು.

ಕಿತ್ತಳೆ ಬಣ್ಣದ ಮೂತ್ರ ರಿಫಾಂಪಿಸಿನ್‌ನಿಂದಲೇ ಬರುತ್ತದೆ. ಅದನ್ನು ನೋಡಿ ಕಾಮಾಲೆ ಎನ್ನಲಾಗದು, ಇಲ್ಲವೆನ್ನಲೂ ಆಗದು. ಕಣ್ಣು ನೋಡಿ. ಬಲ್ಬಿನ ಕೆಳಗೆ ಬೇಡ, ಹಗಲಿನಲ್ಲಿ ಬಾಗಿಲ ಬಳಿ ನಿಲ್ಲಿಸಿ, ಮೇಲಿನ ರೆಪ್ಪೆಯನ್ನು ಬೆರಳಿನಿಂದ ಎತ್ತಿ ಕೆಳಗೆ ನೋಡಲು ಹೇಳಿ. ಅಲ್ಲಿನ ಬಿಳಿ ಭಾಗ ಹಳದಿಯಾಗಿದ್ದರೆ ಮರುದಿನಕ್ಕೆ ಕಾಯಬೇಡಿ.

ಇನ್ನು ನೆಲನೆಲ್ಲಿ. ಅದರ ಹೆಸರು ದೊಡ್ಡದಾದದ್ದು ವೈರಸ್ ಕಾಮಾಲೆಯಿಂದ. 1988ರಲ್ಲಿ ಹೆಪಟೈಟಿಸ್ ಬಿ ವಾಹಕರ ಮೇಲೆ ಚೆನ್ನೈನಲ್ಲಿ ನಡೆದ ಅಧ್ಯಯನ ಭಾರೀ ಭರವಸೆ ಹುಟ್ಟಿಸಿತ್ತು. ಮುಂದಿನ ಪ್ರಯೋಗಗಳಲ್ಲಿ ಆ ಫಲ ಕಾಣಲಿಲ್ಲ. ನೀರಿನಿಂದ ಬರುವ ಕಾಮಾಲೆ ಬಹುಪಾಲು ಜನರಲ್ಲಿ ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ, ಕೀರ್ತಿ ಸೊಪ್ಪಿಗೆ ಹೋಗುತ್ತದೆ. ಮಾತ್ರೆಯಿಂದ ಬಂದದ್ದು ಹಾಗಲ್ಲ. ಮಾತ್ರೆ ಒಳಗೆ ಹೋಗುತ್ತಿರುವವರೆಗೆ ಹೆಚ್ಚುತ್ತಲೇ ಹೋಗಬಹುದು. ಸದ್ಯ ಸೊಪ್ಪನ್ನೂ ನಿಲ್ಲಿಸಿ, ಕೊಟ್ಟ ವಿಷಯ ವೈದ್ಯರಿಗೆ ತಿಳಿಸಿ. ಎರಡೂ ಒಟ್ಟಿಗೆ ನಡೆದರೆ ಯಾವುದು ಒಗ್ಗುತ್ತಿಲ್ಲ ಎಂದು ಹುಡುಕುವುದು ಕಷ್ಟ.

ಪ್ರಶ್ನೆ: ಪ್ಯಾರಸಿಟಮಾಲ್ ಕೊಟ್ಟ ಇಲಿಗಳ ಯಕೃತ್ತನ್ನು ಗಿಡಮೂಲಿಕೆಯ ಸಾರ ಉಳಿಸಿತು ಎಂದು ಓದಿದೆ. ಪ್ರಮಾಣ ಕಿಲೋಗೆ 200 ಮಿಲಿಗ್ರಾಂ. 60 ಕಿಲೋ ತೂಕದ ನಾನು ದಿನಕ್ಕೆ 12 ಗ್ರಾಂ ತೆಗೆದುಕೊಳ್ಳಬೇಕೇ? – ಬಿ.ಫಾರ್ಮ್ ವಿದ್ಯಾರ್ಥಿ, ದಾವಣಗೆರೆ

ಉತ್ತರ: ಬೇಡ, ಲೆಕ್ಕವೇ ಹಾಗಲ್ಲ. ಇಲಿಯ ಪ್ರಮಾಣವನ್ನು ಮನುಷ್ಯನಿಗೆ ಹೊಂದಿಸುವಾಗ ಸುಮಾರು 6.2ರಿಂದ ಭಾಗಿಸುತ್ತಾರೆ: ಕಿಲೋಗೆ 32 ಮಿಲಿಗ್ರಾಂ, ನಿಮ್ಮ ತೂಕಕ್ಕೆ 1.9 ಗ್ರಾಂ. ಅದು ಕೂಡ ಪುಡಿಯಲ್ಲ, ಸಾರ. 100 ಗ್ರಾಂ ಒಣಗಿಡದಿಂದ 10 ಗ್ರಾಂ ಸಾರ ಇಳಿಯುವುದಾದರೆ 19 ಗ್ರಾಂ ಒಣಗಿಡ ಬೇಕು. ಮದ್ಯಸಾರದಲ್ಲಿ ಇಳಿಸಿದ್ದು ಮನೆಯ ಕಷಾಯದಲ್ಲಿ ಇಳಿಯುತ್ತದೆಂಬ ಖಾತ್ರಿಯೂ ಇಲ್ಲ. ಹೋಲಿಕೆಗೆಂದು ಇಂಥ ಪ್ರಯೋಗಗಳಲ್ಲಿ ಬಳಸುವ ಸಿಲಿಮರಿನ್ (ಮಿಲ್ಕ್ ಥಿಸಲ್ ಎಂಬ ಮುಳ್ಳುಗಿಡದ ಬೀಜದ ಸಾರ) ನೀರಿನಲ್ಲಿ ಕರಗುವುದೇ ಅಪರೂಪ.

ನೀವು ನೋಡಬೇಕಾದದ್ದು ಸಾರ ಕೊಟ್ಟ ಹೊತ್ತು. ಇಂಥ ಬಹಳಷ್ಟು ಪ್ರಯೋಗಗಳಲ್ಲಿ ಒಂದು ವಾರ ಮೊದಲೇ ಸಾರ ಕುಡಿಸಿ, ಕೊನೆಗೆ ಪ್ಯಾರಸಿಟಮಾಲ್ ಕೊಡುತ್ತಾರೆ. ಆಸ್ಪತ್ರೆಗೆ ಬರುವವರು ನುಂಗಿ ಆದಮೇಲೆ ಬರುತ್ತಾರೆ. ಪ್ಯಾರಸಿಟಮಾಲ್ ತಾನೇ ವಿಷವಲ್ಲ. ಯಕೃತ್ತಿನ ಸಿವೈಪಿ2ಇ1 ಎಂಬ ಕಿಣ್ವ ಅದರ ಸಣ್ಣ ಪಾಲನ್ನು ಎನ್‌ಎಪಿಕ್ಯೂಐ (NAPQI) ಎಂಬ ವಿಷವಾಗಿ ಮಾರ್ಪಡಿಸುತ್ತದೆ, ಯಕೃತ್ತಿನಲ್ಲೇ ಇರುವ ಗ್ಲುಟಾಥಯೋನ್ ಎಂಬ ರಕ್ಷಕ ವಸ್ತು ಅದನ್ನು ಹಿಡಿದು ಹೊರಹಾಕುತ್ತದೆ. ಅತಿ ಪ್ರಮಾಣದಲ್ಲಿ ನುಂಗಿದಾಗ ಗ್ಲುಟಾಥಯೋನ್ ಬರಿದಾಗಿ ಜೀವಕೋಶಗಳು ಸಾಯುತ್ತವೆ. ಮೊದಲೇ ಕುಡಿಸಿದ ಸಾರ ಆ ಕಿಣ್ವವನ್ನು ತಡೆದಿದ್ದರೆ ವಿಷವೇ ಹುಟ್ಟಿರುವುದಿಲ್ಲ. ಇಲಿ ಉಳಿಯುತ್ತದೆ, ಆದರೆ ಅದು ಚಿಕಿತ್ಸೆಯಲ್ಲ. ಸಾರ ಕರಗಿಸಲು ಬಳಸಿದ ಡಿಎಂಎಸ್‌ಒ ಕೂಡ ಇದೇ ಕೆಲಸ ಮಾಡಬಲ್ಲದು. ಹಾಗಾಗಿ ಬರೀ ದ್ರಾವಕ ಕೊಟ್ಟ ಗುಂಪು ಇತ್ತೇ, ವಿಷ ಕೊಟ್ಟು ಗಂಟೆ ಎರಡು ಗಂಟೆಯಾದ ಮೇಲೂ ಸಾರ ಕೊಟ್ಟು ನೋಡಿದ್ದಾರೆಯೇ ಎಂದು ಹುಡುಕಿ. ಇವೆರಡೂ ಇಲ್ಲದ ಪ್ರಬಂಧದಿಂದ ಮನುಷ್ಯರ ಪ್ರಮಾಣ ತೆಗೆಯಬೇಡಿ.

ಪ್ಯಾರಸಿಟಮಾಲ್ ಮಿತಿಮೀರಿದರೆ ಪ್ರತಿವಿಷ ಅಸಿಟೈಲ್ ಸಿಸ್ಟೀನ್, ನುಂಗಿದ 8 ಗಂಟೆಯೊಳಗೆ ಕೊಟ್ಟರೆ ಅತ್ಯುತ್ತಮ. ಮೊದಲ ದಿನ ರೋಗಿ ಆರಾಮಾಗಿಯೇ ಇರಬಹುದು. ಪೆಟ್ಟು ಜೋರಾಗುವುದು ಮೂರು-ನಾಲ್ಕನೇ ದಿನ. ಆ ಮೊದಲ ದಿನವನ್ನು ಕಷಾಯದಲ್ಲಿ ಕಳೆದುಕೊಂಡರೆ ಹೊತ್ತು ಮೀರಿರುತ್ತದೆ. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 4 ಗ್ರಾಂ ಮಿತಿ, ಅಂದರೆ 650ರ ಆರು ಮಾತ್ರೆ; ನೆಗಡಿ ಮಾತ್ರೆಯೊಳಗೆ ಅಡಗಿರುವ ಪ್ಯಾರಸಿಟಮಾಲ್ ಕೂಡ ಇದರಲ್ಲೇ ಲೆಕ್ಕ. ಮದ್ಯಪಾನಿಗಳಿಗೆ, ಉಪವಾಸವಿರುವವರಿಗೆ ಇನ್ನೂ ಕಡಿಮೆ.

ಗಿಡದ ವಸ್ತುವನ್ನು ವೈದ್ಯರೇ ಸೂಜಿಯಲ್ಲಿ ಕೊಡುವ ಒಂದು ಸಂದರ್ಭವೂ ಇದೆ. ಯುರೋಪಿನಲ್ಲಿ ಅಮಾನಿಟಾ ಅಣಬೆಯ ವಿಷಕ್ಕೆ ಸಿಲಿಮರಿನ್‌ನ ಮುಖ್ಯ ಅಂಶವಾದ ಸಿಲಿಬಿನಿನ್ ಬಳಸುತ್ತಾರೆ. ವಿಷ ಯಕೃತ್ತಿನ ಕೋಶದೊಳಗೆ ನುಗ್ಗುವ ದಾರಿಗೇ ಅದು ಅಡ್ಡ ನಿಲ್ಲುತ್ತದೆ.

ಪ್ರಶ್ನೆ: ಅಮೃತಬಳ್ಳಿ ಕಷಾಯ ಯಕೃತ್ತಿಗೆ ಒಳ್ಳೆಯದೇ, ಕೆಟ್ಟದ್ದೇ? – ಓದುಗರು, ಮೈಸೂರು

ಉತ್ತರ: ಕೊರೋನಾ ಕಾಲದಲ್ಲಿ ತಿಂಗಳುಗಟ್ಟಲೆ ಕುಡಿದ ಕೆಲವರಿಗೆ ಯಕೃತ್ತು ಊದಿಕೊಂಡ ವರದಿಗಳು ಮುಂಬೈ ಮತ್ತಿತರ ಕಡೆಗಳಿಂದ ಬಂದವು. ಹೋಲುವ ಇನ್ನೊಂದು ಬಳ್ಳಿ ಬೆರೆತಿರಬಹುದು ಎಂದು ಆಯುಷ್ ಸಚಿವಾಲಯ ಎಚ್ಚರಿಸಿತು. ಆ ಇನ್ನೊಂದು ಬಳ್ಳಿಯ ಕಾಂಡ ಬೂದು ಬಣ್ಣ, ಮೈತುಂಬ ಗಂಟು. ಕತ್ತರಿಸಿದರೆ ಹಾಲು ಒಸರುತ್ತದೆ. ಅಮೃತಬಳ್ಳಿಯ ಎಳೆಕಾಂಡ ಹಸಿರು, ಹಾಲಿಲ್ಲ, ಹಣ್ಣು ಗುಂಡಗೆ ಕೆಂಪು. ಬಳ್ಳಿ ಸರಿಯಿದ್ದರೂ ಆಟೋಇಮ್ಯೂನ್ ಕಾಯಿಲೆ (ದೇಹದ ರಕ್ಷಣಾ ವ್ಯವಸ್ಥೆ ದೇಹದ ಮೇಲೆಯೇ ತಿರುಗಿಬೀಳುವುದು) ಇರುವವರು ಕುಡಿಯದಿರುವುದೇ ಸರಿ, ಏಕೆಂದರೆ ಕಂಡ ತೊಂದರೆಯೂ ಹೆಚ್ಚಾಗಿ ಆ ಬಗೆಯದ್ದೇ. ಈಗಾಗಲೇ ಕುಡಿಯುತ್ತಿದ್ದು ಸುಸ್ತು, ತುರಿಕೆ, ಹಳದಿ ಕಣ್ಣು ಕಂಡರೆ ನಿಲ್ಲಿಸಿ, ಬಳ್ಳಿಯ ಒಂದು ತುಂಡನ್ನು ಎಲೆ ಸಮೇತ ವೈದ್ಯರ ಬಳಿಗೆ ಒಯ್ಯಿರಿ.